ಕಾರಿನ ಹೊಟ್ಟೆಗೆ ಬೆಳ್ಳಿ ಬಣ್ಣ

ಹನ್ನೊಂದು ದಿನ ನಾನು ಮನೆಯಲ್ಲಿ ಚಹಾ ಕುಡಿದಿರಲಿಲ್ಲ ಎಂದರೆ ನೀವು ಯಾವುದೋ ವ್ರತ ಎಂದುಕೊಂಡೀರಿ. ವ್ರತ ಹೆಂಡತಿಯದು, ಉಪವಾಸ ಮಾತ್ರ ನನ್ನದು.

ಕಾರಣ ನಮ್ಮ ಕಾರು. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡುವವನಿಗೆ ಒಂದು ಕಾರಿದ್ದರೆ ತೂಕ ಹೆಚ್ಚು ಎಂದು ಎಂಬತ್ತೊಂಬತ್ತನೇ ಇಸವಿಯಲ್ಲಿ ಹಟ್ಟಿಯ ಒಬ್ಬರಿಂದ ಕೊಂಡಿದ್ದೆ. ಕೊಂಡಾಗಲೇ ಅದು ಮುದುಕ. ಇಳಿಜಾರಿನಲ್ಲಿ ತಾನಾಗಿ ಶುರುವಾಗುತ್ತಿತ್ತು, ಸಮನೆಲದಲ್ಲಿ ನೂಕಬೇಕು, ಏರಿನಲ್ಲಿ ಕೈಮುಗಿದು ಬೇಡಿಕೊಳ್ಳಬೇಕು. ಲಿಂಗಸೂಗೂರಿನ ತವರುಮನೆಗೆ ಹೊರಟ ಅಮರಮ್ಮ (ನನ್ನ ಧರ್ಮಪತ್ನಿ, ಧರ್ಮದ ಪಾಲು ಕಡಿಮೆ) ಹೊಸ ಇಳಕಲ್ ಸೀರೆ ಉಟ್ಟುಕೊಂಡು ಮಸ್ಕಿ ಬಸ್‌ಸ್ಟ್ಯಾಂಡಿನ ಮುಂದೆ ಅದನ್ನು ನೂಕಿದಳು. ನಾನು ಸ್ಟೇರಿಂಗ್ ಹಿಡಿದಿದ್ದೆ, ಯಾರಾದರೂ ಹಿಡಿಯಬೇಕಲ್ಲ! ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಅವಳ ಚಿಗವ್ವ ತಲೆ ಹೊರಗೆ ಹಾಕಿ, "ಯಾಕಬೇ ಅಮರಿ, ಕಾರು ಇಟ್ಕೊಂಡು ನಡಕೊಂತ ಹೊಂಟೀಯಲ್ಲ?" ಎಂದುಬಿಟ್ಟಳು.

ಊರಿಗೆ ಮರಳಿದ ಕೂಡಲೇ ಅಮರಮ್ಮ ಚಹಾಪುಡಿಯ ಡಬ್ಬಿಯನ್ನು ತನ್ನ ಟ್ರಂಕಿನೊಳಗಿಟ್ಟು ಬೀಗ ಜಡಿದಳು.

"ಈ ಗಾಡಿ ಮಾರೂ ಮಟ ಮನ್ಯಾಗ ಚಾ ಬಂದ್."

"ಬಂದ್ ಮಾಡು. ನಾ ಹೋಟೆಲ್‌ದಾಗ ಕುಡಿತೀನಿ."

"ಕುಡೀರಿ. ರೊಕ್ಕ ಕೊಟ್ಟು ಕುಡೀರಿ."

ಎಲ್ಲಿ ಹೊಡೆದರೆ ನನಗೆ ನೋಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಗಿರಾಕಿ ಸಿಕ್ಕ. ಗೊರೇಬಾಳದ ಪಂಪಣ್ಣ, ಹತ್ತು ವರ್ಷದಿಂದ ನನಗೇ ಭತ್ತ ಹಾಕುವ ರೈತ. ಇಲ್ಲಿ ನನ್ನ ವ್ಯಾಪಾರದ ಪದ್ಧತಿ ಸ್ವಲ್ಪ ಹೇಳಬೇಕು. ಚೀಲದ ಬಾಯಿ ಬಿಚ್ಚಿದರೆ ನಾನು ಮೇಲಿನ ಭತ್ತ ನೋಡುವವನಲ್ಲ. ಮೇಲಿನದು ತೋರಿಸಲಿಕ್ಕೆ ಇರುವುದು. ತೋಳು ಮಡಚಿ, ಮೊಣಕೈ ಮುಳುಗುವವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಬೇವಿನೆಲೆ ಅಗಿದವನಂತೆ ಮುಖ ಮಾಡಿ, "ಹಸಿ ಐತಿ, ಕಟ್. ಜೊಳ್ಳೈತಿ, ಕಟ್. ಮಣ್ಣೈತಿ, ಕಟ್" ಎಂದು ದರ ಇಳಿಸುತ್ತೇನೆ. (ಭತ್ತ ಬಂಗಾರದಂತಿದ್ದರೂ ಮುಖ ಅದೇ. ಅದು ವೃತ್ತಿಧರ್ಮ.)

ಪಂಪಣ್ಣ ಶುಕ್ರವಾರ ಕಾರು ನೋಡಲಿಕ್ಕೆ ಬರುತ್ತೇನೆಂದ. ನೋಡುವವನು ಬಾನೆಟ್ ಎತ್ತದೆ ಬಿಡುತ್ತಾನೆಯೇ? ಎತ್ತಿದರೆ ಒಳಗೆ ಇಂಜಿನ್ ಕೂತ ಗೂಡು ಬಾಣಂತಿಯ ನೀರೊಲೆಯಂತೆ ಕರ್ರಗಿತ್ತು. ಬಣ್ಣ ಹೊಡೆಸಲೇಬೇಕೆಂದು ಮಂಗಳವಾರವೇ ಬುಡ್ಡೇಸಾಬನನ್ನು ಕರೆಸಿದೆ. ಊರಿನ ಅರ್ಧ ಲಾರಿಗಳ ಬೆನ್ನ ಮೇಲೆ ಹೂವು, ನವಿಲು ಬರೆದವನು ಆತ.

"ಮೂರು ನಮೂನಿ ಅದಾವ್ರಿ ಸಾವ್ಕಾರ್ರ," ಎಂದ ಬುಡ್ಡೇಸಾಬ್. "ಕರೇ ಮಬ್ಬು, ಕರೇ ಮಿಂಚೋದು, ಬೆಳ್ಳಿ. ಮಬ್ಬು ಹೊಡದ್ರ ತಗಡಿನ ತಗ್ಗು, ಎಣ್ಣಿ ಕಲಿ ಯಾವುದೂ ಕಾಣಂಗಿಲ್ಲ. ಮಿಂಚೋದು ಹೊಡದ್ರ ಎಲ್ಲಾ ತಗ್ಗು ಎದ್ದು ಕುಂದರತಾವ. ಬೆಳ್ಳಿ ಬಿಸಿ ತಡಿತೈತಿ, ಖರೇ. ಆದ್ರ ದಪ್ಪ ಹೊಡದ್ರ ಒಣಗಾಕ ಮೂರು ದಿನ ಬೇಕು."

"ಬೆಳ್ಳಿ!" ಎಂದೆ ನಾನು.

"ಮಬ್ಬು!" ಎಂಬ ಅಶರೀರವಾಣಿ ಅಡಿಗೆಮನೆಯಿಂದ ಬಂತು. ಹಿಂದೆಯೇ ಶರೀರವೂ ಬಂತು. "ಸುಳ್ಳು ಹೇಳೋದಿದ್ರ ಸಣ್ಣ ದನೀಲೆ ಹೇಳಬೇಕ್ರಿ. ಬೆಳ್ಳಿ ಹೊಡದ್ರ ಡಂಗುರ ಹೊಡಿಸಿದಂಗ ಆಗತೈತಿ."

"ನಿನಗೇನು ತಿಳೀತೈತಿ ವ್ಯಾಪಾರ? ಅಕ್ಕಿಗೆ ಪಾಲಿಶ್ ಯಾಕ ಮಾಡ್ತಾರ? ಮಿಂಚಿದ್ರ ಗಿರಾಕಿ ಮೆಚ್ಚತಾನ."

"ಹಂಗಾರ ಆ ಮಿಂಚೋ ಅಕ್ಕಿ ನೀವು ಮನಿಗೆ ಯಾಕ ತರಂಗಿಲ್ಲ?"

ಕೆಲವು ಪ್ರಶ್ನೆಗಳು ಕೇಳಿಸದಿರುವುದೇ ಸಂಸಾರಕ್ಕೆ ಒಳ್ಳೆಯದು. ನಾನು ಬುಡ್ಡೇಸಾಬನ ಕಡೆ ತಿರುಗಿದೆ. "ಬ್ಯಾಟ್ರಿ ಬಿಚ್ಚಿ ತಳ ತೊಳಿಬೇಕ್ರಿ," ಎಂದು ಆತ ರಾಗ ಎಳೆದ.

"ತಳ ಯಾರು ನೋಡ್ತಾರೋ? ಕಾಣೋದಕ್ಕ ಹೊಡಿ. ಮೂರು ಸಲ ಹೊಡಿ."

ಆತ ಹತ್ತಿ ಹೊಲಕ್ಕೆ ಹುಳದ ಎಣ್ಣೆ ಹೊಡೆಯುವ ಪಂಪಿಗೆ ಬಣ್ಣ ತುಂಬಿಕೊಂಡು ಬುಸ್‌ಬುಸ್ ಎಂದು ಹೊಡೆದ. ಇಂಜಿನ್ನು, ವೈರು, ನಟ್ಟು, ಅಲ್ಲೇ ಕೂತಿದ್ದ ಒಂದು ಹಲ್ಲಿ, ಎಲ್ಲಕ್ಕೂ ರಜತಾಭಿಷೇಕ. ಬಾನೆಟ್ ಎತ್ತಿದರೆ ಸಾಕ್ಷಾತ್ ದೇವೇಂದ್ರನ ಸಭೆ! "ಸ್ಟೀಲ್ ಭಾಂಡೆ ಅಂಗಡಿ ಆಗೇತಿ," ಎಂದಳು ಅಮರಮ್ಮ. ಅವಳಿಗೆ ದೇವೇಂದ್ರನ ಪರಿಚಯವಿಲ್ಲ.

ಶುಕ್ರವಾರ ಬರಬೇಕಾದ ಪಂಪಣ್ಣ ಬುಧವಾರ ಬೆಳಿಗ್ಗೆಯೇ ಬಂದು ನಿಂತ.

"ಕಾಲುವಿಗೆ ಇನ್ನಾ ನೀರು ಬಿಟ್ಟಿಲ್ರಿ ಸಾವ್ಕಾರ್ರ. ಪುರಸೊತ್ತಿತ್ತು, ಬಂದೆ."

ನಾನು ಬಾನೆಟ್ ಎತ್ತಿದೆ. ಬೆಳಗಿನ ಬಿಸಿಲು ಒಳಗೆ ಬಿದ್ದು ಪಂಪಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದ.

"ಮೇಲಿಂದು ಭಾರಿ ಐತ್ರಿ," ಎಂದವನೇ ನಿಧಾನವಾಗಿ ಅಂಗಿಯ ತೋಳು ಮಡಚತೊಡಗಿದ.

ಆ ತೋಳು ಮಡಚುವ ಶೈಲಿ ನನಗೆ ಗೊತ್ತಿತ್ತು. ಅದು ನನ್ನದೇ.

ಪಂಪಣ್ಣನ ಕೈ ಬ್ಯಾಟರಿಯ ಪಕ್ಕದಿಂದ ಇಳಿಯಿತು, ಮೊಣಕೈ ಮುಳುಗಿತು, ತಳದಲ್ಲಿ ಏನನ್ನೋ ತಡಕಿತು. ಮುಖ ಬೇವಿನೆಲೆ ಅಗಿದಂತಾಯಿತು (ಅದೂ ನನ್ನದೇ). ಹೊರಗೆ ಬಂದ ಕೈ ಮೊಣಕೈಯವರೆಗೆ ಬೆಳ್ಳಿ. ಮುಷ್ಟಿ ಬಿಚ್ಚಿದರೆ ಒಂದು ಹಿಡಿ ಭತ್ತ! ನನ್ನ ಗೋಡೌನಿನ ಇಲಿಗಳು ಭತ್ತ ಹೊತ್ತು ತಂದು ಬ್ಯಾಟರಿಯ ಬುಡದಲ್ಲಿ ಸಂಸಾರ ಹೂಡಿದ್ದವು. ಬುಡ್ಡೇಸಾಬನ ಪಂಪು ಪ್ರತಿಯೊಂದು ಕಾಳಿಗೂ ಬೆಳ್ಳಿ ಕವಚ ತೊಡಿಸಿತ್ತು.

ಪಂಪಣ್ಣ ಬೆರಳು ಉಜ್ಜಿ ನೋಡಿದ. "ಹಸಿ ಐತಿ, ಕಟ್."

ಒಂದು ಕಾಳು ಉಗುರಿನಿಂದ ಸುಲಿದ. "ಜೊಳ್ಳೈತಿ, ಕಟ್."

ಆಮೇಲೆ ಒಂದು ಇಲಿ ಹಿಕ್ಕೆಯನ್ನು ಬೆರಳ ತುದಿಯಲ್ಲಿ ಹಿಡಿದು ಬಿಸಿಲಿಗೆ ತೋರಿಸಿದ. ಅದೂ ಬೆಳ್ಳಿಯಂತೆ ಹೊಳೆಯುತ್ತಿತ್ತು. "ಕಸ ಐತಿ, ಕಟ್."

"ಪಂಪಣ್ಣ, ಮಣ್ಣಿಗೆ ಕಟ್ ಮಾಡೋದು ಮರತಿ ನೋಡಪಾ," ಎಂದಳು ಬಾಗಿಲಲ್ಲಿ ನಿಂತ ನನ್ನ ಅರ್ಧಾಂಗಿ.

"ಹೌದ್ರಿ ಅಕ್ಕಾರ, ಮಣ್ಣಿಗೂ ಕಟ್."

"ಹಿಂಗ ಎಲ್ಲಾದಕ್ಕೂ ಕಟ್ ಮಾಡಿದ್ರ ನನಗೇನು ಉಳಿತೈತೋ ಪಂಪಣ್ಣ?" ಎಂದೆ, ಅಳುವುದೊಂದು ಬಾಕಿ.

"ನಾನೂ ಹತ್ತು ವರ್ಷದಿಂದ ಅದನ್ನ ಕೇಳಾಕತ್ತೀನ್ರಿ."

ಸೌದಾ ಮುರಿದರೆ ಮುರಿಯಲಿ, ಒಪ್ಪುವುದಿಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮರಮ್ಮ ಸೆರಗಿನ ತುದಿಯಲ್ಲಿದ್ದ ಟ್ರಂಕಿನ ಕೀಲಿಯನ್ನು ಝಣ್ ಎನಿಸಿದಳು. ಹನ್ನೊಂದು ದಿನ ಚಹಾ ಕಾಣದ ನಾಲಿಗೆ ನನ್ನನ್ನು ಕೇಳದೆಯೇ "ಆಯ್ತು" ಎಂದಿತು.

"ಮತ್ತ," ಎಂದ ಪಂಪಣ್ಣ, "ನಾನು ಭತ್ತ ನಿಮ್ಮ ಬಾಗಲಿಗೆ ತಂದು ಹಾಕ್ತೀನಲ್ರಿ? ನೀವೂ ಮಾಲು ನನ್ನ ಬಾಗಲಿಗೆ ಮುಟ್ಟಸಬೇಕು."

ಮುಟ್ಟಿಸಿದೆ. ಪಂಪಣ್ಣ ಸ್ಟೇರಿಂಗ್ ಹಿಡಿದ, ಅಮರಮ್ಮ ಅದೇ ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಳು. ಇಬ್ಬರು ಹಮಾಲರ ನಡುವೆ ನಿಂತು ನಾನು ನೂಕಿದೆ. ಬಜಾರವೆಲ್ಲ ನೋಡಿತು. ಕಾಲುವೆಯ ಏರಿ ಇಳಿಯುವಾಗ ಇಂಜಿನ್ನು ಶುರುವಾಗಿ ನನ್ನನ್ನು ಧೂಳಿನಲ್ಲಿ ಬಿಟ್ಟು ಹೋಯಿತು. ಹಿಂದಿನ ಗಾಜಿನಿಂದ ಅಮರಮ್ಮ ಕೈ ಬೀಸಿದಳು.

ಸಂಜೆ ಗೊರೇಬಾಳದಿಂದ ಬಸ್ಸಿನಲ್ಲಿ ಮರಳಿದವಳು ಟ್ರಂಕು ತೆಗೆದು ಚಹಾ ಮಾಡಿದಳು. ಏಲಕ್ಕಿ ವಾಸನೆಗೆ ನನ್ನ ಕಣ್ಣು ತುಂಬಿಬಂತು. ಆದರೆ ಲೋಟದಲ್ಲಿ ಇದ್ದದ್ದು ಅರ್ಧ. ಬಾಯಿಗಿಟ್ಟರೆ ಸಪ್ಪೆ.

"ಇದೇನಿದು, ಅರ್ಧಾನೇ ಐತಿ? ಸಕ್ರಿನೂ ಇಲ್ಲ?"

ಅಮರಮ್ಮ ಪಾತ್ರೆಯಲ್ಲಿ ಉಳಿದದ್ದನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು ಸೊರ್ ಎಂದು ಒಂದು ಗುಟುಕು ಕುಡಿದಳು.

"ನಿಮಗ ಕೊಟ್ಟಿದ್ದು ಮೇಲಿಂದ್ರಿ," ಎಂದಳು. "ತಳದಾಗಿಂದು ನಂದು."