ನಾನು ಕದ್ದ ಅರ್ಧ ತಾಸು

ದಣಿವಿಗೆ ಈಗ ಬಗೆಬಗೆಯ ಹೆಸರುಗಳು ಬಂದಿವೆ. ಮೊಮ್ಮಗಳು ಟೆನ್ಷನ್ ಅನ್ನುತ್ತಾಳೆ, ಅವಳ ಅಪ್ಪ ಬಿ.ಪಿ. ಅನ್ನುತ್ತಾನೆ. ನಮ್ಮ ಕಾಲದಲ್ಲಿ ಇದ್ದದ್ದು ಒಂದೇ ಹೆಸರು, ಮೈಗಳ್ಳತನ. ಆ ಹೆಸರು ಬರಬಾರದೆಂದು ನಾನು ಬಹಳ ವರ್ಷ ಮೈಮುರಿದು ದುಡಿದೆ. ಆಮೇಲೆ ಹೇಗೂ ಬರುವ ಹೆಸರು, ಅದಕ್ಕೆ ತಕ್ಕ ಸುಖವನ್ನಾದರೂ ಕಾಣೋಣವೆಂದು ಒಂದು ಕಳ್ಳತನ ಮಾಡಿದೆ. ಮಾಡಿದವಳೂ ನಾನೇ, ಈಗ ಹೇಳುತ್ತಿರುವವಳೂ ನಾನೇ. ಸಾಕ್ಷಿದಾರರು ಯಾರೂ ಉಳಿದಿಲ್ಲ.

ಬನಹಟ್ಟಿಯ ನೇಕಾರರ ಓಣಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದಿತ್ತು. ಅಲ್ಲಿ ನಾನು ಆಯಾ. ಮೂರನೇ ಇಯತ್ತೆ ಓದಿದವಳಿಗೆ ಶಾಲೆಯಲ್ಲಿ ಇನ್ನೇನು ಕೆಲಸ ಕೊಡುತ್ತಾರೆ? ಐದು ಕೋಣೆ ಕಸ ಹೊಡೆಯಬೇಕು, ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು, ಪರದೇಶದಿಂದ ಚೀಲದಲ್ಲಿ ಬರುತ್ತಿದ್ದ ಹಳದಿ ರವೆಯ ಉಪ್ಪಿಟ್ಟು ಮಾಡಬೇಕು, ಸಣ್ಣ ಹುಡುಗಿಯರ ಮೂಗು ಒರೆಸಬೇಕು, ಗಂಟೆ ಬಾರಿಸಬೇಕು. ಇಷ್ಟು ಸರಕಾರದ್ದು. ಬೇಸಿಗೆ ಬಂತೆಂದರೆ ಹೆಡ್ಮಾಸ್ತರರ ಮನೆಯ ಸಂಡಿಗೆ, ಹಪ್ಪಳ, ಶಾವಿಗೆಗಳೂ ಸರಕಾರದ ಲೆಕ್ಕಕ್ಕೇ ಸೇರುತ್ತಿದ್ದವು. ಪಗಾರದ ಮಾತು ಬೇಡ, ಕೇಳಿದರೆ ನಗುತ್ತೀರಿ. ಅದೂ ಹಂಗಾಮಿ ನೌಕರಿ. ಹನ್ನೊಂದು ವರ್ಷ ಹಂಗಾಮಿ! "ಸಾಹೇಬ್ರು ತಪಾಸಣಿಗೆ ಬಂದಾಗ ಒಂದ್ ಛಲೋ ಷರಾ ಬರದ್ರ ನೀ ಖಾಯಂ ಆಗತೀಬೇ ಶಾಂತವ್ವಾ. ಕೆಟ್ಟದ್ದ ಬರದ್ರ ಮನಿಗೇ" ಎಂದು ಹೆಡ್ಮಾಸ್ತರರು ಪ್ರತಿ ವರ್ಷ ಸಂಡಿಗೆಯ ಹಂಗಾಮಿನಲ್ಲಿ ತಪ್ಪದೆ ನೆನಪಿಸುತ್ತಿದ್ದರು.

ಹನ್ನೊಂದನೆಯ ವರ್ಷ ನನ್ನ ತಲೆ ಕೆಲಸ ನಿಲ್ಲಿಸಿತು. ಕೈ ಮಾತ್ರ ನಡೆದೇ ಇತ್ತು. ಒಂದು ಮುಂಜಾನೆ ಎರಡನೇ ಕೋಣೆಯನ್ನು ಮೂರು ಸಲ ಗುಡಿಸಿದೆ, ಉಳಿದ ನಾಲ್ಕನ್ನು ಮರೆತೆ. ಇನ್ನೊಂದು ದಿನ ಹೆಡ್ಮಾಸ್ತರರ ಚಹಾಕ್ಕೆ ಉಪ್ಪು ಬಿತ್ತು. ಅವರು ಕುಡಿದು, "ಇವತ್ತ ಚಹಾ ಬ್ಯಾರೇನಽ ಆಗೇತಲ್ಲ" ಅಂದರು, ಮುಗಿಸಿಯೂ ಬಿಟ್ಟರು. ಮನೆಯಲ್ಲಿ ಗಂಡನ ಮೂಗನ್ನು ಸೆರಗಿನಿಂದ ಒರೆಸಲು ಹೋದ ದಿನ ಅವರೇ ನನ್ನನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರು ಟಾನಿಕ್ಕು ಬರೆದರು, ವಿಶ್ರಾಂತಿ ತಗೋ ಅಂದರು. ಟಾನಿಕ್ಕು ಮೂಲೆಯಂಗಡಿಯಲ್ಲಿ ಸಿಕ್ಕಿತು.

ಇನ್ನೊಂದನ್ನು ನಾನೇ ಹುಡುಕಬೇಕಾಯಿತು. ಶಾಲೆಗೆ ಇದ್ದದ್ದು ಒಂದೇ ಗೋಡೆ ಗಡಿಯಾರ, ಅದಕ್ಕೆ ಕೀಲಿ ಕೊಡುವವಳು ನಾನು. ಹೆಡ್ಮಾಸ್ತರರ ಕೈಯಲ್ಲಿ ಮಾವ ಕೊಟ್ಟ ವಾಚು ಇತ್ತು. ಅದು ನಡೆಯುತ್ತಿರಲಿಲ್ಲ, ಮಾವ ಕೊಟ್ಟದ್ದಾದ್ದರಿಂದ ಬಿಚ್ಚುವಂತೆಯೂ ಇರಲಿಲ್ಲ. ಒಂದು ಮಧ್ಯಾಹ್ನ ಅವರು ಉಪ್ಪಿಟ್ಟಿನ ರುಚಿ ನೋಡಲು ಹೊರಗೆ ಬಂದಾಗ ನಾನು ಒಳಗೆ ಹೋಗಿ ದೊಡ್ಡ ಮುಳ್ಳನ್ನು ಅರ್ಧ ಸುತ್ತು ಮುಂದೆ ತಳ್ಳಿದೆ. ಮರುದಿನ ಕಸ ಹೊಡೆಯುವಾಗ ಹಿಂದಕ್ಕೆ ತಂದೆ. ಹೀಗೇ ದಿನಾ ನಡೆಯಿತು. ಐದಕ್ಕೆ ಬಿಡುವ ಶಾಲೆ ನಾಲ್ಕೂವರೆಗೆ ಬಿಡತೊಡಗಿತು. ಪಾಠ ಹೇಳುವ ಅಕ್ಕೋರೊಬ್ಬರ ಕೈಯಲ್ಲಿ ನಡೆಯುವ ವಾಚು ಇತ್ತು. ಅವರು ಅದನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗನ್ನು ಮಣಿಕಟ್ಟಿನವರೆಗೆ ಎಳೆದು ವಾಚು ಮುಚ್ಚಿಕೊಂಡರು. ಹೆಡ್ಮಾಸ್ತರರದು ಜಮಖಂಡಿಯಲ್ಲಿ ಮನೆ. ಸಂಜೆಯ ಬಸ್ಸು ದಿನಾ ಅರ್ಧ ತಾಸು ತಡ ಎಂದು ಬೈಯುತ್ತಿದ್ದರು. ಬಸ್ಸು ತಡವಾದರೆ ಯಾರಿಗೆ ತಾನೆ ಅನುಮಾನ ಬರುತ್ತದೆ?

ಇಷ್ಟಾದರೂ ನನಗೆ ವಿಶ್ರಾಂತಿ ಸಿಗಲಿಲ್ಲ. ಏಕೆಂದರೆ ಬೇವಿನ ಗಿಡಕ್ಕೆ ನೇತುಹಾಕಿದ್ದ ರೈಲುಕಂಬಿಯ ತುಂಡೇ ನಮ್ಮ ಗಂಟೆ. ಅದನ್ನು ಬಡಿದರೆ ಇಡೀ ಓಣಿಗೆ ಕೇಳುತ್ತಿತ್ತು. ಓಣಿಯ ನೇಕಾರರು ಮಗ್ಗ ಬಿಟ್ಟು ಏಳುತ್ತಿದ್ದದ್ದು ಆ ಸಂಜೆಯ ಗಂಟೆಗೇ. ಕದ್ದ ಅರ್ಧ ತಾಸನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬಂದರೆ, ಅದೇ ಅರ್ಧ ತಾಸು ಹೊತ್ತುಕೊಂಡು ಗಂಡ ಮತ್ತು ಮೈದುನ ನನಗಿಂತ ಮೊದಲೇ ಬಂದು ಗೋಡೆಗೆ ಒರಗಿ ಕುಳಿತಿರುತ್ತಿದ್ದರು.

"ಚಹಾ ಇಡಬೇ" ಅನ್ನುತ್ತಿದ್ದರು ಗಂಡ.

"ಚುರುಮುರಿ ಏನರ ಅದಾವೇನ ವೈನಿ?" ಅನ್ನುತ್ತಿದ್ದ ಮೈದುನ.

ಓಣಿಯ ಗಂಡಸರೆಲ್ಲ ಗುಂಡಗಾದರು. ಹೆಂಗಸರು ಸೊರಗಿದರು. ಪಕ್ಕದ ಮನೆಯ ಕಾಶವ್ವ ಬಾವಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. "ಯವ್ವಾ ಶಾಂತಕ್ಕಾ, ಈ ನಡುವ ಹೊತ್ತ ಲಗೂ ಮುಳಗಾಕತ್ತೈತೇನ? ನಾ ಹಿಟ್ಟ ನಾದೂದರಾಗ ನಮ್ಮಾಂವ ಬಂದ ಕುಂಡ್ರತಾನ. ಬಂದಾಂವ ಸುಮ್ಮರ ಇರತಾನೇನ? ಹಿಟ್ಟ ಮೆತ್ತಗಾತು ಅಂತ ನನಗಽ ಕಲಿಸ್ತಾನ!"

ನಾಲ್ಕೂವರೆಯ ಗಂಟೆ ಓಣಿಗೆ ಕೇಳದಂತೆ ಮಾಡಬೇಕಿತ್ತು. ಅದೇ ವಾರ ಒಬ್ಬ ಹುಡುಗಿ ಶಾಲೆ ಬಿಡುವ ಗದ್ದಲದಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆದು ಹಲ್ಲು ಮುರಿದುಕೊಂಡಿದ್ದಳು. ನಾನು ಹೆಡ್ಮಾಸ್ತರರ ಮುಂದೆ ಕೈಕಟ್ಟಿ ನಿಂತೆ. "ಗಂಟಿ ಕೇಳೂದ ತಡಾ, ಹುಡುಗ್ಯಾರು ಮುಗಿಬೀಳ್ತಾವ್ರಿ. ಸಂಜೀಕ ಗಂಟಿ ಬ್ಯಾಡ್ರಿ. ನಾ ಒಂದೊಂದ ವರ್ಗಕ್ಕ ಹೋಗಿ ಹೇಳಿ ಬರತೀನಿ." ಅವರಿಗೆ ಹಿಡಿಸಿತು. ಅಂದಿನಿಂದ ಶಾಲೆ ನಾಲ್ಕೂವರೆಗೆ ಸದ್ದಿಲ್ಲದೆ ಬಿಡುತ್ತಿತ್ತು. ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಬೇವಿನ ಕೆಳಗೆ ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದೆ. ಬೇವಿನ ನೆರಳು ಶಾಲೆಯ ಮೂರನೇ ಮೆಟ್ಟಿಲು ಮುಟ್ಟಿದರೆ ಖರೇ ಐದು. ಆಗ ಎದ್ದು ಓಣಿಗಾಗಿ ಗಂಟೆ ಬಡಿದು ಮನೆಗೆ ಹೋಗುತ್ತಿದ್ದೆ. ನಡುವಿನ ಆ ಅರ್ಧ ತಾಸು ನಾನು ಎಲ್ಲಿದ್ದೇನೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಾಲೆಯವರಿಗೆ ನಾನು ಮನೆಯಲ್ಲಿ, ಮನೆಯವರಿಗೆ ಶಾಲೆಯಲ್ಲಿ. ಉಪ್ಪು ಮತ್ತೆ ಉಪ್ಪಿಟ್ಟಿಗೇ ಬೀಳತೊಡಗಿತು.

ಎರಡು ತಿಂಗಳು ಹೀಗೆ ಸ್ವರ್ಗದಲ್ಲಿದ್ದೆ. ಒಂದು ದಿನ ಕಣ್ಣು ತೆರೆದರೆ ಎದುರಿಗೆ ಧೂಳು ಮೆತ್ತಿದ ಬೂಟುಗಳು ಕಂಡವು. ಮೇಲೆ ನೋಡಿದರೆ ತಪಾಸಣೆಯ ಸಾಹೇಬರು.

"ಸಾಲಿ ಎಲ್ಲೈತಿ?" ಅಂದರು.

ಗಾಬರಿಯಲ್ಲಿ ನಾನು ಕಟ್ಟಡ ತೋರಿಸಿದೆ. "ಇಲ್ಲೇ ಐತ್ರಿ."

"ಗ್ವಾಡಿ ಅಲ್ಲವಾ, ಹುಡುಗ್ಯಾರು!"

"ಮನಿಗೆ ಹ್ವಾದ್ರಿ."

ಅವರು ವಾಚು ನೋಡಿದರು. "ಇನ್ನೂ ನಾಕೂ ನಲವತ್ತು."

ಹನ್ನೊಂದು ವರ್ಷದ ನೌಕರಿ ಕಣ್ಣೆದುರೇ ಬಾವಿಗೆ ಬಿದ್ದಂತಾಯಿತು. ಆದರೂ ನಾಲಿಗೆ ಬಿಡಲಿಲ್ಲ. "ಸಾಲಿ ಗಡಿಯಾರದಾಗ ಐದೂ ಹತ್ತ ಆಗೇತ್ರಿ."

ಅವರು ಒಳಗೆ ಹೋಗಿ ನೋಡಿದರು. ವಾಚು ಅವರ ಸ್ವಂತದ್ದು, ಗಡಿಯಾರ ಸರಕಾರದ್ದು. ಇಷ್ಟು ವರ್ಷ ನೌಕರಿ ಮಾಡಿದ ಮನುಷ್ಯ ಯಾವುದನ್ನು ನಂಬಬೇಕು? ವಾಚು ಬಿಚ್ಚಿ ಅರ್ಧ ತಾಸು ಮುಂದೆ ಮಾಡಿಕೊಂಡರು. ಹೆಡ್ಮಾಸ್ತರರ ಕುರ್ಚಿಯಲ್ಲಿ ಕುಸಿದು ಕುಳಿತರು. "ಮುಂಜಾನಿಂದ ನಾಕ ಸಾಲಿ ಆತು. ಬೀಳಗಿ ಸಾಹೇಬ್ರು ರಜಾ ಹಾಕ್ಯಾರ, ಅವರ ಸಾಲೀನೂ ನಾನಽ ನೋಡಬೇಕು. ಮುಧೋಳದಾಗ ಬಸ್ ಕೆಟ್ಟಿತ್ತು. ಒಂದೀಟ ನೀರ ಕೊಡವಾ."

ನೀರು ತರುವಷ್ಟರಲ್ಲಿ ಅವರ ಗದ್ದ ಎದೆಗೆ ತಾಗಿತ್ತು. ಗೊರಕೆ ಶುರುವಾಗಿತ್ತು.

ಹೊರಗೆ ನೆರಳು ಮೂರನೇ ಮೆಟ್ಟಿಲು ಮುಟ್ಟಿತು. ಗಂಟೆ ಬಡಿದರೆ ಸಾಹೇಬರು ಏಳುತ್ತಾರೆ, ಬಿಟ್ಟುಹೋದ ಶಾಲೆಗೆ ಈಗ ಯಾವ ಗಂಟೆ ಎಂದು ಕೇಳುತ್ತಾರೆ, ನನ್ನ ಕಥೆ ಮುಗಿಯುತ್ತದೆ. ಬಡಿಯದಿದ್ದರೆ ಓಣಿ ನೇಯುತ್ತಲೇ ಇರುತ್ತದೆ. ನಾನು ಬಡಿಯಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕೇಳಿದೆ. ಒಳಗೆ ಸಾಹೇಬರ ಗೊರಕೆ, ಹೊರಗೆ ಮಗ್ಗಗಳ ಸಪ್ಪಳ. ಬಹಳ ಛಲೋ ಅನಿಸಿತು.

ಅವರು ಎದ್ದಾಗ ಗೋಡೆಯ ಮೇಲೆ ಆರು ದಾಟಿತ್ತು. "ಅಯ್ಯ, ನೀ ಇನ್ನೂ ಹೋಗಿಲ್ಲೇನವಾ?"

"ಸಾಹೇಬ್ರು ಇನ್ನೂ ಡ್ಯೂಟಿ ಮ್ಯಾಲೆ ಅದೀರಿ, ನಾ ಹೆಂಗ ಹೋಗ್ಲಿರಿ?"

ಅವರು ಮುಖ ಒರೆಸಿಕೊಂಡು, ಪುಸ್ತಕ ತರಿಸಿ ಷರಾ ಬರೆದರು. 'ಶಾಲೆ ಬಿಟ್ಟ ಬಳಿಕವೂ ಸ್ಥಳದಲ್ಲಿ ಹಾಜರಿದ್ದು ದುಡಿಯುವ ನಿಷ್ಠಾವಂತ ಆಯಾ. ಖಾಯಂ ಮಾಡಲು ಯೋಗ್ಯಳು.' ಮನೆಗೆ ಹೋದರೆ ಗಂಡ ಆಗಷ್ಟೇ ಮಗ್ಗದಿಂದ ಬಂದು ಸೊಂಟ ಹಿಡಿದುಕೊಂಡಿದ್ದರು. "ಗಂಟಿ ಬಾರಸೂದ ಮರತೇನ? ಬೆನ್ನ ಮುರದ ಹೋತು."

"ಹೌದ? ನನಗ ದಿನಾ ಹಂಗಽ ಇರತೈತಿ" ಅಂದೆ. ಆ ದಿನ ಚಹಾ ಅವರೇ ಇಟ್ಟರು. ಕುಡಿಯುವಂತಿರಲಿಲ್ಲ, ಆದರೂ ಕುಡಿದೆ.

ನಾನು ಖಾಯಂ ಆದೆ. ಹೆಡ್ಮಾಸ್ತರರು ಆ ಷರಾವನ್ನು ಎರಡು ಸಲ ಓದಿದರು. "ಸಾಲಿ ಬಿಟ್ಟ ಮ್ಯಾಲೂ ಇರತೀ ಅಂದ್ರ ಹಿಂಗ ಮಾಡೂಣು. ಅಂಗಳದಾಗ ಇಪ್ಪತ್ತ ಸಸಿ ಹಚ್ಚೂಣು. ಸಂಜೀಕ ನೀರ ಹಾಕಾಕ ನೀ ಹೆಂಗೂ ಅದೀ" ಅಂದರು. ಬಾವಿಯಿಂದ ಸಸಿಗೆ ಒಂದೊಂದು ಕೊಡ. ನನ್ನ ಅರ್ಧ ತಾಸನ್ನು ಆ ಸಸಿಗಳು ಕುಡಿದವು. ಈಗ ಅವು ದೊಡ್ಡ ಗಿಡಗಳಾಗಿವೆ. ಅವುಗಳ ನೆರಳಿನಲ್ಲಿ ಯಾರ್ಯಾರೋ ಮಲಗುತ್ತಾರೆ.

ನಿವೃತ್ತಿಯ ದಿನ ಶಾಲೆಯವರು ಸೀರೆ ಕುಪ್ಪಸದ ಜೊತೆ ನನಗೊಂದು ಗೋಡೆ ಗಡಿಯಾರ ಕೊಟ್ಟರು. ಅದು ನಡುಮನೆಯಲ್ಲಿದೆ. ಕೀಲಿ ಕೊಡುವ ಕೆಲಸ ಸೊಸೆಯದು. ಅವಳು ಅಂಗನವಾಡಿಗೆ ಹೋಗುತ್ತಾಳೆ, ಪಗಾರ ಕೇಳಿದರೆ ಮತ್ತೆ ನಗುತ್ತೀರಿ. ನನ್ನ ಸಂಜೆಯ ಚಹಾ ನಾಲ್ಕೂವರೆಗೆ ಬರಬೇಕು. ಗಡಿಯಾರದಲ್ಲಿ ನಾಲ್ಕೂವರೆ ಆದಾಗಲೇ ಬರುತ್ತದೆ, ಒಂದು ಮಿನಿಟೂ ತಪ್ಪಿಲ್ಲ. ಈಚೆಗೆ ಮಾತ್ರ ಚಹಾ ಬರುವ ಹೊತ್ತಿಗೆ ತುಳಸಿಕಟ್ಟೆಯ ನೆರಳು ಹೊಸ್ತಿಲು ದಾಟಿ ಒಳಗೆ ಬಂದಿರುತ್ತದೆ. ಅದಕ್ಕೂ ಮುಂಚೆ ಅಡುಗೆಮನೆಯಲ್ಲಿ ಅರ್ಧ ತಾಸು ಯಾವ ಸಪ್ಪಳವೂ ಇರುವುದಿಲ್ಲ.

ಮೊನ್ನೆ ಬಾಯಿ ತಡೆಯಲಿಲ್ಲ. "ಯಾಕಬೇ, ಗಡಿಯಾರ ಸರಿ ನಡದೈತಿಲ್ಲೋ?" ಅಂದೆ.

"ನಿಮ್ಮ ಸಾಲಿಯವರಽ ಕೊಟ್ಟದ್ರಿ ಅತ್ತಿ. ಅದು ಹೆಂಗ ತಪ್ಪತೈತಿ?" ಎಂದು ಕಪ್ಪು ಕೈಗಿಟ್ಟು, ಸೆರಗು ಎಳೆದುಕೊಂಡು ಒಳಗೆ ಹೋದಳು.

ಚಹಾ ಬಾಯಿಗಿಟ್ಟೆ. ಉಪ್ಪಿರಲಿಲ್ಲ. ಕೊನೆಯ ಗುಟುಕಿನವರೆಗೂ ಕುಡಿದೆ.