ಎರಡು ಚಮಚ ಪುಡಿ, ಒಂದು ಕಿಟಕಿ

ಕೆಲವರ ಬದುಕಿನಲ್ಲಿ ತಮಾಷೆಯ ಪ್ರಸಂಗಗಳು ಅವರು ಆರೋಗ್ಯವಾಗಿರುವಾಗ ಒದಗಿಬರುತ್ತವೆ. ನನ್ನ ಬದುಕಿನಲ್ಲಿ ಅವು ನಾನು ಕೆಮ್ಮುತ್ತಿರುವಾಗಲೇ ಬಂದವು. ಹೀಗಾಗಿ ನಗಬೇಕಾದ ಹೊತ್ತಿನಲ್ಲಿ ನಗಲು ನನಗೆ ಎಂದೂ ಸಾಧ್ಯವಾಗಲಿಲ್ಲ. ಈಗ ಕೆಮ್ಮು ನಿಂತು ಬಹಳ ಕಾಲವಾಗಿದೆ. ಆದ್ದರಿಂದ ನೆನಪಿರುವಷ್ಟನ್ನು ಕ್ರಮವಾಗಿ ಬರೆದಿಡುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ, ರಾಯಚೂರಿನ ಕಾಲೇಜಿನಲ್ಲಿ ಇತಿಹಾಸ ಓದಿ ಪದವಿ ಪಡೆದಿದ್ದ ನನ್ನನ್ನು ದೇವದುರ್ಗದ ಒಂದು ಕಚೇರಿಗೆ ದಾಖಲೆ ಕೋಣೆಯ ಗುಮಾಸ್ತಳನ್ನಾಗಿ ಕಳುಹಿಸಿದರು. ಕಚೇರಿಯ ಹೆಸರು ಬೇಡ. ನಿಜಾಮರ ಕಾಲದ ಕಲ್ಲಿನ ಕಟ್ಟಡ ಅದು. ಚಾವಣಿಯ ನೀರು ಇಳಿಯುವ ಕೊಳವೆ ಗೋಡೆಯೊಳಗೇ ಎಲ್ಲೋ ಒಡೆದಿತ್ತು. ಕೋಣೆಗಿದ್ದ ಒಂದೇ ಒಂದು ಕಿಟಕಿಗೆ ಯಾರೋ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಊರೆಲ್ಲ ಬಿಸಿಲಿಗೆ ಬಾಯಿಬಿಡುವಾಗ ನನ್ನ ಕೋಣೆ ಮಾತ್ರ ತನ್ನದೇ ಆದ ಮಳೆಗಾಲವನ್ನು ವರ್ಷವಿಡೀ ಜೋಪಾನವಾಗಿ ಕಾಪಾಡಿಕೊಂಡಿತ್ತು. ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತಗಳ ಗಂಟುಗಳಿಗೆ ಅಲ್ಲಿ ಬಸ್ತಾ ಎನ್ನುತ್ತಾರೆ. ಆ ಬಸ್ತಾಗಳ ಮೇಲೆ ಹಸಿರು, ಬಿಳಿ, ಕಪ್ಪು ಎಂದು ಮೂರು ಬಣ್ಣದ ಬೂಷ್ಟು ಬೆಳೆದಿತ್ತು. ಒಂದನ್ನು ಬಿಚ್ಚಿದರೆ ಸಾಕು, ಒಲೆ ಊದಿದಾಗಿನ ಬೂದಿಯಂತೆ ಮುಖಕ್ಕೆ ಏಳುತ್ತಿತ್ತು.

ಆರು ತಿಂಗಳಲ್ಲಿ ನನಗೆ ಕೆಮ್ಮು, ಉಬ್ಬಸ, ಸಂಜೆಗೊಂದು ಸಣ್ಣ ಜ್ವರ ಅಂಟಿಕೊಂಡವು. ಮೈ ಇಳಿದು, ಅದೇ ಸೀರೆಗೆ ಎರಡು ನೆರಿಗೆ ಹೆಚ್ಚಾಗಿ ಬರತೊಡಗಿದವು. ರಾಯಚೂರಿನಲ್ಲಿ ತಾಯಿಯೂ ಓದುತ್ತಿದ್ದ ತಂಗಿಯೂ ನನ್ನ ನೌಕರಿಯನ್ನೇ ನಂಬಿಕೊಂಡಿದ್ದರು. ಹೀಗಾಗಿ ಪ್ರಶ್ನೆ ಸರಳವಾಗಿತ್ತು: ಕಿಟಕಿ ತೆರೆಯಬೇಕು, ಇಲ್ಲವೇ ನಾನು ನೌಕರಿ ಬಿಡಬೇಕು.

೧. ಕೆಳಗಿಳಿದ ಕಿಟಕಿ

ಕಿಟಕಿಯನ್ನು ಯಾಕೆ ಮುಚ್ಚಿದರು ಎಂದು ಕಚೇರಿಯ ಹಿರಿಯ ಜವಾನರನ್ನು ಕೇಳಿದೆ. ಗೂಗಲ್ ಎಂಬ ಹಳ್ಳಿಯವರು, ನಿವೃತ್ತಿಗೆ ಹತ್ತಿರವಾದವರು, ಬಾಲ್ಯದಲ್ಲಿ ಉರ್ದು ಶಾಲೆಗೆ ಹೋದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

"ಆ ಕಿಟಕಿ ಸುದ್ದಿ ಬ್ಯಾಡ್ರಿ ಅಕ್ಕೋರ," ಎಂದರು ಕಾಕಾ, ದನಿ ತಗ್ಗಿಸಿ. "ನಿಜಾಮನ ಕಾಲದಾಗ ಒಬ್ಬ ಗುಮಾಸ್ತ ಸುಳ್ಳು ಕಾಗದ ಬರದ. ಸಿಕ್ಕಿಬಿದ್ದ. ಅದ ಕಿಟಕಿಯಿಂದ ಹಾರಿ ಸತ್ತ. ಅವತ್ತಿನಿಂದ ಅದನ್ನ ತೆರದವರ ಉಸರು ಅಂವ ತಗೋತಾನ."

ನನಗೆ ಯಾವ ಕಥೆಯನ್ನೂ ಎದುರಿಗೇ ಅಲ್ಲಗಳೆಯುವ ಅಭ್ಯಾಸವಿಲ್ಲ. ಹೇಳಿದವರ ಹೆಸರಿನೊಂದಿಗೆ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಅಷ್ಟೇ. ಒಂದು ವಾರದಲ್ಲಿ ಐದು ಜನರಿಂದ ಐದು ಕಥೆ ಸಿಕ್ಕವು. ಒಂದರಲ್ಲಿ ಗುಮಾಸ್ತ, ಒಂದರಲ್ಲಿ ಫಕೀರ, ಎರಡರಲ್ಲಿ ನಾಗರಹಾವು; ಐದನೆಯದರಲ್ಲಿ ಕಿಟಕಿಯೇ ಇರಲಿಲ್ಲ, ಅದು ಬಾಗಿಲಾಗಿತ್ತು. ಕೊನೆಗೆ ಅಳತೆಪಟ್ಟಿ ತಂದು ಹೊರಗಿನಿಂದ ಅಳೆದೆ. ನೆಲದಿಂದ ಕಿಟಕಿಗೆ ಎರಡೂವರೆ ಅಡಿ.

"ಕಾಕಾ, ಎರಡೂವರೆ ಅಡಿ ಮೇಲಿಂದ ಹಾರಿದರ ಮನಷಾ ಸಾಯ್ತಾನೇನ್ರಿ?"

ಕಾಕಾ ಕಿಟಕಿಯನ್ನೊಮ್ಮೆ, ಅಳತೆಪಟ್ಟಿಯನ್ನೊಮ್ಮೆ ನೋಡಿದರು. ಕ್ಷಣವೂ ತಡವರಿಸದೆ ಹೇಳಿದರು:

"ಆಗ ಅದು ಭಾಳ ಎತ್ತರ ಇತ್ತ್ರಿ ಅಕ್ಕೋರ. ಆಮ್ಯಾಲ ಇಳದು ಬಂತು."

೨. ಚೀಟಿಯಲ್ಲಿ ಎರಡನೆಯದು

ಒಂದು ಭಾನುವಾರ ರಾಯಚೂರಿನಲ್ಲಿ ವೈದ್ಯರಿಗೆ ತೋರಿಸಿದೆ. ಬೂಷ್ಟಿನ ವಿಷಯ ಹೇಳಿದಾಗ ಅವರು ಕಿಟಕಿಯಾಚೆಯ ಬಿಸಿಲನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಈ ಊರಾಗ ಹಪ್ಪಳ ಒಣಗಿಸಾಕ ಹತ್ತು ನಿಮಿಷ ಸಾಕು. ನಿಮಗ ಬೂಷ್ಟು ಎಲ್ಲಿ ಸಿಕ್ತವ್ವಾ?"

"ಸರ್ಕಾರ ಒದಗಿಸಿದೆ," ಎಂದೆ.

ಎದೆ ಪರೀಕ್ಷಿಸಿ, ತೂಕ ನೋಡಿ, ಅವರು ಸಮಾಧಾನವಾಗಿ ವಿವರಿಸಿದರು. "ನಿಮಗ ಊಟ ಸೇರಾಕತ್ತಿಲ್ಲ. ಅದಕ್ಕ ಅಮೈನೋ ಆಮ್ಲದ ಪುಡಿ ಬರದೀನಿ. ಬ್ಯಾಳಿ, ಹಾಲಿನ್ಯಾಗಿನ ಪ್ರೋಟೀನನ್ನ ಸಣ್ಣಗ ಒಡದು ಮಾಡಿರತಾರ. ಹನ್ನೊಂದಕ್ಕ ಒಂದು ಚಮಚ, ನಾಕಕ್ಕ ಒಂದು. ಮೈಗೆ ಸ್ವಲ್ಪ ಬಲಾ ಬರಬಹುದು. ಆದರ ಇದು ಬೂಷ್ಟಿಗೆ ಔಷಧ ಅಲ್ಲ, ತಿಳೀತಿಲ್ಲೋ? ನಿಮ್ಮ ಔಷಧ ಕಿಟಕಿ." ಮಾತಿಗಷ್ಟೇ ನಿಲ್ಲಿಸದೆ, ನನ್ನ ಮೇಲಧಿಕಾರಿಗೆ ತೋರಿಸಲು ಅನುಕೂಲವಾಗಲೆಂದು ಚೀಟಿಯಲ್ಲೂ ಬರೆದರು: ಒಂದು, ಪುಡಿ; ಎರಡು, ಕಿಟಕಿ, ದಿನವಿಡೀ.

ಔಷಧದಂಗಡಿಯ ಹಿರಿಯರಿಗೆ ಒಂದು ಖ್ಯಾತಿ ಇತ್ತು. ಅವರು ಓದಲಾಗದ ವೈದ್ಯರ ಅಕ್ಷರ ರಾಯಚೂರಿನಲ್ಲೇ ಇಲ್ಲ ಎನ್ನುತ್ತಿದ್ದರು. ಚೀಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕ ಏರಿಸಿದರು.

"ಮೊದಲನೇದು ಅದ, ತಗೋರಿ ಬೆಹನ್‌ಜಿ." ಪುಡಿಯ ಡಬ್ಬಿ ಇಟ್ಟರು. ಎರಡನೆಯದರ ಮೇಲೆ ಬೆರಳಿಟ್ಟು, ಸೋಲೊಪ್ಪದ ಧೈರ್ಯದಿಂದ ನುಡಿದರು: "ಇದು ಖಾಲಿ ಆಗ್ಯದ. ಹೈದರಾಬಾದಿಗೆ ಹೇಳಿ ಕಳಸೀನಿ, ಮಂಗಳವಾರ ಬರತದ."

ಅಷ್ಟು ನಿಶ್ಚಿತವಾದ ಭರವಸೆಯನ್ನು ಕಿಟಕಿಯ ಬಗ್ಗೆ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

೩. ಅರ್ಜಿ ಮುಗಿದ ಬಗೆ

ಆ ಪುಡಿಯ ರುಚಿಯನ್ನು ವರ್ಣಿಸುವುದು ಕಷ್ಟ. ಕಹಿ ಎನ್ನಬಹುದು, ಜೊತೆಗೆ ಹಳೆಯ ಅಂಟಿನ ವಾಸನೆ. ದೇವದುರ್ಗದಲ್ಲಿ ನಾನು ಬಾಡಿಗೆಗಿದ್ದ ಮನೆಯೊಡತಿ ಮಸರಕಲ್ಲಿನ ಕುರಿ ಕಾಯುವ ಮನೆತನದವರು. ಅಂಗಳದಲ್ಲಿ ನಾಲ್ಕು ಆಡು ಕಟ್ಟಿದ್ದರು. ಡಬ್ಬಿಯನ್ನು ಮೂಸಿ ಅವರು ಮುಖ ತಿರುಗಿಸಿದರು.

"ಏನವ್ವಾ ಇದು? ತಡಿ, ನನ್ನ ಕರಿ ಆಡಿಗೆ ತೋರಸ್ತೀನಿ. ಅದು ತಿಂದರ ನೀನೂ ತಿನ್ನು."

ಕಚೇರಿಗೆ ಹೊರಡುವ ಅವಸರದಲ್ಲಿದ್ದ ನಾನು ಕೈಯಲ್ಲಿದ್ದುದನ್ನೆಲ್ಲ ಕಟ್ಟೆಯ ಮೇಲಿಟ್ಟು ಆ ಪರೀಕ್ಷೆಗೆ ಸಾಕ್ಷಿಯಾದೆ. ಕರಿ ಆಡು ಅಂಗೈಯ ಪುಡಿಯನ್ನು ಮೂಸಿತು, ಸೀನಿತು, ಹಿಂದೆ ಸರಿಯಿತು.

"ನೋಡಿದೇನು? ಚಪ್ಪಲಿ ತಿನ್ನೂ ಆಡು ಒಲ್ಲೆ ಅಂತು!"

ನಾವಿಬ್ಬರೂ ಪುಡಿಯ ಗುಣದೋಷ ಚರ್ಚಿಸುತ್ತಿದ್ದಾಗ ಆಡು ಕಟ್ಟೆಯತ್ತ ಹೋಗಿ, ನಾನು ಮೂರು ಸಂಜೆ ಕುಳಿತು ಬರೆದಿದ್ದ ಕಿಟಕಿಯ ಅರ್ಜಿಯನ್ನು ಮೊದಲ ಹಾಳೆಯಿಂದ ಆರಂಭಿಸಿ, ವೈದ್ಯರ ಚೀಟಿಯ ನಕಲಿನ ಸಮೇತ, ನಿಧಾನವಾಗಿ ತಿಂದು ಮುಗಿಸಿತು.

ನಾನು ಸಿಟ್ಟಾಗಲಿಲ್ಲ. ಆ ಅರ್ಜಿಯ ಹಿಂದಿನ ಎರಡು ಆವೃತ್ತಿಗಳನ್ನು ಕಚೇರಿಯಲ್ಲಿ ಯಾರೂ ಎರಡನೆಯ ಪುಟದವರೆಗೆ ಮುಟ್ಟಿರಲಿಲ್ಲ.

೪. ಮಾನ್ವಿಯ ಗಾಳಿ

ಮೂರನೆಯ ಅರ್ಜಿಯನ್ನು ಮತ್ತೆ ಬರೆದು ಸಾಹೇಬರ ಮುಂದಿಟ್ಟೆ. ನಮ್ಮ ಕಚೇರಿಯ ಮುಖ್ಯಸ್ಥರು; ಸಭ್ಯರು, ಮಂಡಿನೋವಿನವರು.

"ಕಿಟಕಿ ತೆರೀಬೇಕಂದ್ರ, ಮುಚ್ಚಿದ್ದು ಯಾರ ಹುಕುಂ ಮ್ಯಾಲೆ ಅಂತ ಮೊದಲ ಗೊತ್ತಾಗಬೇಕಲ್ರಿ. ಆ ಹುಕುಂ ಹುಡಕಿ ತರ್ರಿ," ಎಂದರು. ಹುಕುಂ ಇದ್ದರೆ ಅದೇ ಕೋಣೆಯ ಬೂಷ್ಟಿನಲ್ಲಿ ಇರಬೇಕು. ಹುಡುಕಿದಷ್ಟೂ ಕೆಮ್ಮು, ಕೆಮ್ಮಿದಷ್ಟೂ ರಜೆ.

ಅಷ್ಟರಲ್ಲಿ ಐದು ವಾರಗಳ ಮಟ್ಟಿಗೆ ನನ್ನನ್ನು ಮಾನ್ವಿಯ ಕಚೇರಿಗೆ ಕಳುಹಿಸಿದರು. ಅಲ್ಲಿನ ದಾಖಲೆ ಕೋಣೆಗೆ ನಾಲ್ಕು ಕಿಟಕಿಗಳು! ಹಿರೇಕೊಟ್ನೆಕಲ್ಲಿನ ಗುಮಾಸ್ತರೊಬ್ಬರು ಪ್ರತಿ ಕಾಗದದ ಮೇಲೂ ಒಂದೊಂದು ಕಲ್ಲು ಹೇರಿಕೊಂಡು ಕುಳಿತಿದ್ದರು. "ನೀವು ಪುಣ್ಯವಂತರು ಬಿಡ್ರಿ," ಎಂದು ನಿಟ್ಟುಸಿರುಬಿಟ್ಟರು. "ನಿಮ್ಮಲ್ಲಿ ಕಿಟಕಿನ ಇಲ್ಲಂತ."

ಎರಡನೆಯ ವಾರಕ್ಕೆ ನನ್ನ ಕೆಮ್ಮು ನಿಂತಿತು. ಐದನೆಯ ವಾರಕ್ಕೆ ಸೀರೆಯ ಒಂದು ನೆರಿಗೆ ಕಡಿಮೆಯಾಯಿತು. ದೇವದುರ್ಗಕ್ಕೆ ಮರಳಿದಾಗ ಕಚೇರಿಯವರೆಲ್ಲ ನನ್ನನ್ನು ಬೆರಗಿನಿಂದ ನೋಡಿದರು.

"ಎಲ್ಲಾ ಆ ಪುಡಿ ಪ್ರಭಾವ ನೋಡ್ರಿ!" ಎಂದರು ಕಾಕಾ.

"ಕಾಕಾ, ಪುಡಿ ಒಯ್ಯೂದನ್ನ ನಾನು ಮರತಿದ್ದೆ. ಐದು ವಾರ ಡಬ್ಬಿ ಇಲ್ಲೇ ಅಲಮಾರಿಯೊಳಗಿತ್ತು. ಅಲ್ಲಿ ಬರೇ ಗಾಳಿ ಇತ್ತು."

ಕಾಕಾ ಕೈಜೋಡಿಸಿದರು. "ದೇವದುರ್ಗದಾಗ ಕುಂತು ಮಾನ್ವಿಗೆ ಕೆಲಸಾ ಮಾಡ್ಯದಂದ್ರ, ಎಂಥಾ ಪುಡಿ ಇರಬೇಕ್ರಿ ಅದು!"

೫. ಡಬ್ಬಿಯೊಳಗಿನ ಗೆರೆ

ಈ ಕೀರ್ತಿಯ ಪರಿಣಾಮ ಬೇಗ ಕಾಣಿಸಿತು. ನಾನು ದಿನಕ್ಕೆ ಎರಡು ಚಮಚ ತಿನ್ನುತ್ತಿದ್ದೆ. ಡಬ್ಬಿ ನಾಲ್ಕು ಚಮಚ ಇಳಿಯುತ್ತಿತ್ತು. ಡಬ್ಬಿಯ ಒಳಮೈಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕತೊಡಗಿದೆ. ಗೆರೆಗಳು ನನ್ನ ಅನುಮಾನವನ್ನು ದೃಢಪಡಿಸಿದವು, ಆದರೆ ಯಾರೆಂದು ಹೇಳಲಿಲ್ಲ. ಇತ್ತ ಕೆಮ್ಮು ಮರಳಿತ್ತು. ರಾಜೀನಾಮೆ ಪತ್ರವನ್ನು ಬರೆದು, ಆಡಿಗೆ ಸಿಗದಂತೆ ಪೆಟ್ಟಿಗೆಯೊಳಗೆ ಇಟ್ಟಿದ್ದೆ.

ಆ ವರ್ಷ ಮಳೆ ಸ್ವಲ್ಪ ಚೆನ್ನಾಗಿಯೇ ಬಂತು. ಒಂದು ಸೋಮವಾರ ಡಬ್ಬಿ ತೆರೆದರೆ, ಪುಡಿಯ ಮೇಲೆ ಹಸಿರು, ಬಿಳಿ, ಕಪ್ಪು! ಬೂಷ್ಟಿನಿಂದ ಸೊರಗಿದವಳಿಗೆ ಬಲ ಕೊಡಬೇಕಾದ ಪುಡಿಗೇ ಬೂಷ್ಟು ಹಿಡಿದಿತ್ತು. ನಗಬೇಕೆಂದುಕೊಂಡೆ; ಕೆಮ್ಮು ಬಂತು.

ವೈದ್ಯರಿಗೆ ತೋರಿಸುವ ಉದ್ದೇಶದಿಂದ ಅದನ್ನು ಎಸೆಯದೆ, ದುಂಡಗಿನ ಅಕ್ಷರಗಳಲ್ಲಿ ಒಂದು ಚೀಟಿ ಅಂಟಿಸಿದೆ: "ಬೂಷ್ಟು ಹಿಡಿದಿದೆ. ಯಾರೂ ತಿನ್ನಕೂಡದು." ಕೆಳಗೆ ಸಹಿ, ತಾರೀಖು. ಮರುದಿನ ನೋಡಿದರೆ ಪುಡಿ ಮತ್ತೆ ಎರಡು ಚಮಚ ಇಳಿದಿತ್ತು. ಸಾಹೇಬರು ರಜೆಯಲ್ಲಿದ್ದರು. ಹೊಟ್ಟೆನೋವಂತೆ.

ನಾಲ್ಕನೆಯ ದಿನ ಬಂದವರು ನೇರವಾಗಿ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಖ ಇಳಿದಿತ್ತು.

"ನಿಮ್ಮ ಪುಡಿಗೆ ಬೂಷ್ಟು ಬಂದದಂತ... ಕೇಳಿದೆ."

"ಚೀಟಿ ಅಂಟಿಸಿದ್ದೆ, ಸರ್."

ಸಾಹೇಬರು ತಡೆದುಕೊಳ್ಳಲಾರದೆ ಸಿಡಿದರು. "ಚೀಟಿ ಓದಾಕ ಇಲ್ಲಿ ಬೆಳಕೆಲ್ಲಿ ಅದರೀ?"

ಹೇಳಿದ ಮೇಲೆ ಅವರಿಗೂ ತಿಳಿಯಿತು, ನನಗೂ ತಿಳಿಯಿತು, ಬಾಗಿಲ ಹಿಂದೆ ನಿಂತಿದ್ದ ಕಾಕಾನಿಗೂ ತಿಳಿಯಿತು. ಸಾಹೇಬರು ನೆಲ ನೋಡುತ್ತ, "ಇವತ್ತ ಕಿಟಕಿ ತಗಸ್ರಿ," ಎಂದು ಹೇಳಿ ಹೊರಟರು.

೬. ಇಟ್ಟಿಗೆ

ಮಧ್ಯಾಹ್ನದೊಳಗೆ ಇಟ್ಟಿಗೆಗಳು ಬಿದ್ದವು. ಬಿಸಿಲು ಒಳಗೆ ಬಂದು, ಎಷ್ಟೋ ವರ್ಷಗಳ ನಂತರ ಕೆಳಗಿನ ಸಾಲಿನ ಬಸ್ತಾಗಳ ಮೇಲೆ ಬಿತ್ತು. ಕಟ್ಟಡ ದುರಸ್ತಿಯ ಗಂಟು ಸರಿಯಾಗಿ ಕಿಟಕಿಯ ಕೆಳಗೇ ಇತ್ತು. ಅದರಲ್ಲೊಂದು ಉರ್ದು ಕಾಗದ. ಓದಲು ಕಾಕಾನಿಗೆ ಕೊಟ್ಟೆ.

ಕಾಕಾ ಬೆಳಕಿಗೆ ಹಿಡಿದು ಕನ್ನಡದಲ್ಲಿ ಓದಿ ಹೇಳಿದರು: "ಕಿಟಕಿ ಕೀಲು ಮುರದದ. ಬಡಿಗ್ಯಾ ಬರೂತನಕ ತಾತ್ಪೂರ್ತಿಕ ಇಟ್ಟಂಗಿ ಹಚ್ಚಿ ಮುಚ್ಚೂದು."

ಗುಮಾಸ್ತನೂ ಇಲ್ಲ, ಫಕೀರನೂ ಇಲ್ಲ, ಹಾವೂ ಇಲ್ಲ. ಬಡಿಗ ಬಂದಿರಲಿಲ್ಲ, ತಾತ್ಕಾಲಿಕವೇ ಉಳಿದುಬಿಟ್ಟಿತ್ತು, ಅಷ್ಟೇ. ನಾನು ಕಾಕಾನ ಮುಖ ನೋಡಿದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗೌರವದಿಂದ ಹಿಂದಿರುಗಿಸಿದರು.

"ಇದು ಬ್ಯಾರೆ ಕಿಟಕಿ ಸುದ್ದಿರಿ ಅಕ್ಕೋರ."

ಆ ಕಾಗದವನ್ನು ಸಾಹೇಬರಿಗೆ ತೋರಿಸಿದ್ದು ನನ್ನ ತಪ್ಪು. ಅವರು ಬಂದು ಕಿಟಕಿಯನ್ನು ಪರಿಶೀಲಿಸಿ, ಚಿಂತಾಕ್ರಾಂತರಾದರು. "ಹುಕುಂ ಸಿಕ್ತು, ಒಳ್ಳೇದಾತು. ಆದರ ಕೀಲು ಇನ್ನೂ ಮುರದ ಅದಲ್ರಿ. ಮಳಿ ಒಳಗ ಬರತದ. ನಾಳೆ ಬಡಿಗ್ಯಾಗ ಹೇಳಿ ಕಳಸೂಣು. ಅಲ್ಲೀತನಕ, ತಾತ್ಪೂರ್ತಿಕ..."

ಅವರ ಕಣ್ಣು ಇಟ್ಟಿಗೆಯ ರಾಶಿಯತ್ತ ಹೊರಳಿತು.

ಜೀವನದಲ್ಲಿ ನಿಯಮ ಮೀರಿದ್ದು ನಾನು ಒಮ್ಮೆ ಮಾತ್ರ. "ಆಗಲಿ ಸರ್, ನಾಳೆ ಮುಚ್ಚಿಸೋಣ," ಎಂದೆ. ಸಾಹೇಬರು ಮನೆಗೆ ಹೋದೊಡನೆ ಮನೆಯೊಡತಿಯನ್ನು ಕರೆಸಿದೆ. ಅವರು ತಮ್ಮ ಅಣ್ಣನ ಬಂಡಿಯೊಂದಿಗೆ ಬಂದು, ಹೊತ್ತು ಮುಳುಗುವುದರೊಳಗೆ ಆ ರಾಶಿಯನ್ನು ಆಡಿನ ಕೊಟ್ಟಿಗೆಯ ಗೋಡೆಗೆ ಸಾಗಿಸಿದರು. ಬಂಡಿಗೆ ಇಟ್ಟಿಗೆ ಹೇರಿದವರಲ್ಲಿ ಕಾಕಾ ಕೂಡ ಇದ್ದರು. ಮರುದಿನ ಸಾಹೇಬರು ಕೇಳಿದಾಗ, "ರಾತ್ರ್ಯಾಗ ಆ ಸತ್ತ ಗುಮಾಸ್ತನ ಒಯ್ದಿರಬೇಕ್ರಿ," ಎಂದು ಹೇಳಿದವರೂ ಅವರೇ. ಆ ಕಥೆಯನ್ನು ನಾನು ಅಂದು ಮೊದಲ ಬಾರಿಗೆ ಸಂಪೂರ್ಣವಾಗಿ ನಂಬಿದೆ.

"ಹಂಗಾರ ಹೊಸಾ ಇಟ್ಟಂಗಿ ತರಸ್ರಿ," ಎಂದರು ಸಾಹೇಬರು. ಹೊಸ ಇಟ್ಟಿಗೆ ಬೇಕಾದರೆ ಅರ್ಜಿ ಬೇಕು. ಕಚೇರಿಯಲ್ಲಿ ಅರ್ಜಿ ಬರೆಯುವ ಕೆಲಸ ನನ್ನದು. ರಾಜೀನಾಮೆ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಕರಿ ಆಡಿನ ಮುಂದೆ ಇಟ್ಟೆ. ಅದು ಎಂದಿನ ಶ್ರದ್ಧೆಯಿಂದ ಮುಗಿಸಿತು. ಆಮೇಲೆ ಆರು ವರ್ಷ ಅದೇ ಕಿಟಕಿಯ ಪಕ್ಕದಲ್ಲಿ, ಕೆಮ್ಮಿಲ್ಲದೆ, ಪ್ರತಿ ಕಾಗದದ ಮೇಲೊಂದು ಕಲ್ಲು ಹೇರಿಕೊಂಡು ಕೆಲಸ ಮಾಡಿದೆ. ಇಟ್ಟಿಗೆಯ ಅರ್ಜಿ ಬರೆಯಲು ಮಾತ್ರ ನನಗೆ ಪುರಸೊತ್ತೇ ಸಿಗಲಿಲ್ಲ.