ಸೊಟ್ಟ ಉಂಗುರದ ಗಾಳದ ಕೋಲು

ಬೇರೆಯವರ ಮನೆಯಲ್ಲಿ ಒಂದು ವಸ್ತು ಸೊಟ್ಟಗಾದರೆ ಎಸೆಯುತ್ತಾರೆ, ಇಲ್ಲವೇ ನೆಟ್ಟಗೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೊಂದು ಶಾಸ್ತ್ರ ಹುಟ್ಟುತ್ತದೆ. ಮದುವೆಯಾಗಿ ಜರ್ಮನಿಗೆ ಬಂದಾಗಿನಿಂದ ಇದನ್ನೇ ನೋಡುತ್ತಿದ್ದೇನೆ. ನನ್ನ ಗಂಡ ರಾಣೆಬೆನ್ನೂರಿನವರು, ಸಾಫ್ಟ್‌ವೇರ್ ಇಂಜಿನಿಯರು. ನಾನು ಕುಮಟಾದ ಕಡೆಯವಳು, ಓದಿದ್ದು ಹತ್ತನೇ ಕ್ಲಾಸು. ಇವರಿಗೆ ಜಗತ್ತಿನ ಪ್ರತಿಯೊಂದಕ್ಕೂ ಕಾರಣ ಗೊತ್ತು. ನನಗೆ ಗೊತ್ತಿರುವುದು, ಕಾರಣ ಕೇಳುತ್ತ ನಿಂತರೆ ಅನ್ನ ಸೀದುಹೋಗುತ್ತದೆ ಎಂಬುದಷ್ಟೆ.

೧. ಇಟ್ಟಿಗೆ

ಎಲ್ಲದಕ್ಕೂ ಮೂಲ ನನ್ನ ಮಗಳು ಬರೆದ ಒಂದು ಚಿತ್ರ. ಅವಳಿಗೆ ನಾಲ್ಕು ವರ್ಷ. ಕಿಂಡರ್‌ಗಾರ್ಟನ್‌ನಲ್ಲಿ ಮೀನಿನ ಚಿತ್ರ ಬರೆಯಲು ಹೇಳಿದ್ದರಂತೆ. ಇವಳು ಒಂದು ಉದ್ದನೆಯ ಚೌಕ ಎಳೆದು, ಒಳಗೆಲ್ಲ ಕಂದು ಬಣ್ಣ ತುಂಬಿ ಮನೆಗೆ ತಂದಳು. ಅವತ್ತೇ ವಿಡಿಯೋ ಕಾಲ್‌ನಲ್ಲಿ ನನ್ನ ಅಪ್ಪನಿಗೆ ತೋರಿಸಿದಳು. ಅಪ್ಪ ಸಣ್ಣ ವಯಸ್ಸಿನಿಂದ ಸಮುದ್ರಕ್ಕೆ ಹೋಗುವವರು.

"ಇದೆಂಥ ಪುಟ್ಟಿ, ಇಟ್ಟಿಗೆಯಾ?"

"ನೈನ್ ಅಜ್ಜ, ಫಿಶ್," ಎಂದಳು. ನೈನ್ ಎಂದರೆ ಜರ್ಮನ್‌ನಲ್ಲಿ ಅಲ್ಲ ಎಂದು.

ಅವಳ ತಪ್ಪಿಲ್ಲ. ಅವಳು ಕಂಡ ಮೀನು ಫ್ರೀಜರಿನ ಡಬ್ಬಿಯಿಂದ ಬರುತ್ತದೆ, ಬೆರಳುದ್ದ ಇರುತ್ತದೆ, ನಾಲ್ಕು ಮೂಲೆ ಇರುತ್ತದೆ. ಅಪ್ಪ ನನ್ನನ್ನು ಕೇಳಿದರು:

"ಅಲ್ಲ ಹುಡುಗಿ, ಅಲ್ಲಿಯ ಮೀನಿಗೆ ತಲೆ ಇರೂದಿಲ್ವಾ?"

ಮಳೆಗಾಲದಲ್ಲಿ ದೋಣಿ ಇಳಿಸುವಂತಿಲ್ಲ. ಹಾಗಾಗಿ ಅಪ್ಪ ಜೂನ್‌ನಲ್ಲಿ ನಮ್ಮಲ್ಲಿಗೆ ಬರುವವರಿದ್ದರು. ಅಷ್ಟರೊಳಗೆ ನನ್ನ ಮಗಳು ತಲೆಯಿರುವ ಒಂದು ತಾಜಾ ಮೀನು ನೋಡಬೇಕು, ನನ್ನ ಕೈಯ ಸಾರಿನಲ್ಲಿ ತಿನ್ನಬೇಕು ಎಂದು ನಿಶ್ಚಯಿಸಿದೆ. ಪೇಟೆಯಲ್ಲಿ ಇಡೀ ಮೀನು ಸಿಗುವುದಿಲ್ಲವೇ ಎಂದು ಕೇಳಬೇಡಿ. ಸಿಗುತ್ತದೆ. ಮಂಜುಗಡ್ಡೆಯ ಮೇಲೆ ಮಲಗಿರುತ್ತದೆ. ಅದರ ಕಣ್ಣು ನೋಡಿದರೆ ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮೆ ಕೇಳಬೇಕು ಅನಿಸುತ್ತದೆ.

"ಕೊಳ್ಳೂದ್ಯಾಕ? ನಾನ ಹಿಡಕೊಂಡ ಬರ್ತೇನಿ," ಎಂದರು ಇವರು. ಸಮುದ್ರವನ್ನು ಮೊದಲ ಸಲ ನಮ್ಮ ಮದುವೆಯಲ್ಲಿ ಕಂಡವರು.

ಈ ದೇಶದಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಕು. ಲೈಸೆನ್ಸಿಗೆ ತರಗತಿಗೆ ಹೋಗಬೇಕು, ಪರೀಕ್ಷೆ ಬರೆಯಬೇಕು. ಚಳಿಗಾಲವಿಡೀ ಶನಿವಾರ, ಭಾನುವಾರ ಇವರು ಮೀನಿನ ಕಿವಿರು, ಈಜುರೆಕ್ಕೆ ಎಲ್ಲ ಬಾಯಿಪಾಠ ಮಾಡಿದರು. ಪಾಸಾದ ದಿನ ಕೇಸರಿಬಾತ್ ಮಾಡಿಸಿಕೊಂಡರು.

"ಪರೀಕ್ಷೆಯಲ್ಲಿ ಮೀನು ಹಿಡಿಸಿದರಾ?" ಎಂದು ಕೇಳಿದೆ.

"ಇಲ್ಲ. ಮೀನಿನ ಬಗ್ಗೆ ಪ್ರಶ್ನೆ ಕೇಳಿದ್ರು."

"ಮೀನಿಗೆ ನಿಮ್ಮ ಬಗ್ಗೆ ಪ್ರಶ್ನೆ ಕೇಳಿದ್ದರೆ ಅದೂ ಪಾಸಾಗುತ್ತಿತ್ತು. ಒಂದೇ ಉತ್ತರ: ಈ ಮನುಷ್ಯನಿಗೆ ಹೆದರಬೇಕಾಗಿಲ್ಲ."

೨. ಗ್ರೈಂಡರ್

ಲೈಸೆನ್ಸ್ ಬಂತು. ಇನ್ನು ಕೋಲು. ಅಂಗಡಿಯಲ್ಲಿ ಸಿದ್ಧ ಕೋಲು ಸಾಲಾಗಿ ನಿಂತಿರುತ್ತವೆ. ಆದರೆ ಇವರಿಗೆ ತಾವೇ ಕಟ್ಟಬೇಕು. ಬರೀ ಕಡ್ಡಿ ಬೇರೆ, ದಾರ ಹಾಯುವ ಉಂಗುರಗಳು ಬೇರೆ ತರಿಸಿದರು. ಒಂದೊಂದು ಉಂಗುರದ ಕಾಲನ್ನೂ ಕಡ್ಡಿಗೆ ಒತ್ತಿ, ನನ್ನ ಹೊಲಿಗೆ ಡಬ್ಬಿಯ ದಾರ ಸುತ್ತಿ ಕೂರಿಸಿದರು. ಅದರ ಮೇಲೆ ಅಂಟು ಬಳಿಯಬೇಕು. ಅಂಟು ಒಣಗುವ ತನಕ ಕೋಲನ್ನು ನಿಧಾನವಾಗಿ ತಿರುಗಿಸುತ್ತಿರಬೇಕಂತೆ, ಇಲ್ಲದಿದ್ದರೆ ಒಂದೇ ಕಡೆ ಇಳಿದು ಗಂಟಾಗುತ್ತದೆ. ಅದಕ್ಕೆಂದೇ ಆಮೆಯಂತೆ ತಿರುಗುವ ಪುಟ್ಟ ಮೋಟಾರು ಸಿಗುತ್ತದೆ.

"ಮನ್ಯಾಗ ಮೋಟಾರ್ ಐತೆಲ್ಲ," ಎಂದರು.

ಇದ್ದದ್ದು ನನ್ನ ದೋಸೆಹಿಟ್ಟಿನ ಗ್ರೈಂಡರ್. ಸೀರೆಗಳಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿಟ್ಟು, ಮಗುವಿಗಿಂತ ಜೋಪಾನವಾಗಿ ಬೆಂಗಳೂರಿನಿಂದ ತಂದದ್ದು. ಭಾನುವಾರ ನಾನು ಮಗಳಿಗೆ ಸ್ನಾನ ಮಾಡಿಸುತ್ತಿದ್ದಾಗ ಇವರು ಅದರ ಕಲ್ಲು ತೆಗೆದು, ಪಕ್ಕಕ್ಕೆ ಮಲಗಿಸಿ, ಕೋಲಿನ ಬುಡವನ್ನು ಅದರ ತಿರುಗುವ ಅಚ್ಚಿಗೆ ರಬ್ಬರ್ ಹಾಕಿ ಕಟ್ಟಿ, ಇನ್ನೊಂದು ತುದಿಯನ್ನು ಕುರ್ಚಿಯ ಬೆನ್ನಿಗೆ ಆನಿಸಿ ಸ್ವಿಚ್ ಒತ್ತಿದರು.

ನನ್ನ ಗ್ರೈಂಡರಿಗೆ ನಿಧಾನ ಎಂಬುದೇ ಗೊತ್ತಿಲ್ಲ. ಉದ್ದು ಅರೆಯುವ ವೇಗದಲ್ಲಿ ಕೋಲು ತಿರುಗಿತು. ಕುರ್ಚಿ ಬಿತ್ತು. ನಾನು ಓಡಿಬಂದಾಗ ಕೋಲು ಅಡುಗೆಮನೆಯಲ್ಲಿ ಚಾಟಿಯಂತೆ ಬೀಸುತ್ತಿತ್ತು. ಅಂಟು ಕಪಾಟಿನ ಮೇಲೆ, ಸೂರಿನ ಮೇಲೆ, ಇವರ ಕನ್ನಡಕದ ಮೇಲೆ. ಪ್ಲಗ್ ಕಿತ್ತೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಕೆಳಗಿನ ಮಹಡಿಯಲ್ಲಿರುವ ಮನೆಯೊಡತಿ. ಇಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಮೊಳೆ ಹೊಡೆಯುವಂತೆಯೂ ಇಲ್ಲ. ಏನು ನಡೆಯುತ್ತಿದೆ ಎಂದು ಕೇಳಿದರು.

"ಮೀನು ಹಿಡಿಯುವ ಕೋಲು ಒಣಗಿಸುತ್ತಿದ್ದೇನೆ," ಎಂದರು ಇವರು, ಚೊಕ್ಕ ಜರ್ಮನ್‌ನಲ್ಲಿ.

ಆಕೆ ಗ್ರೈಂಡರ್ ನೋಡಿದರು, ಸೂರು ನೋಡಿದರು, ಕನ್ನಡಕದಿಂದ ಅಂಟು ಇಳಿಯುತ್ತಿದ್ದ ಇವರನ್ನು ನೋಡಿದರು. ಒಗ್ಗರಣೆಯ ವಾಸನೆಗೆ ಎರಡು ಸಲ ದೂರು ಹೇಳಿದ ಹೆಂಗಸು ಅವತ್ತು ನನ್ನ ಕೈ ಹಿಡಿದುಕೊಂಡು, "ನಿನಗೆ ಏನಾದರೂ ತೊಂದರೆಯಾದರೆ ಯಾವಾಗ ಬೇಕಾದರೂ ಕೆಳಗೆ ಬಾ," ಎಂದು ಹೇಳಿ ಹೋದರು.

೩. ಬಕೆಟ್

ಇವರು ಕೋಲನ್ನು ಎತ್ತಿಕೊಂಡು ನೆಲಮಾಳಿಗೆಗೆ ಹೋದವರು ಸಂಜೆಯವರೆಗೆ ಮೇಲೆ ಬರಲಿಲ್ಲ. ಬಂದಾಗ ಮುಖದಲ್ಲಿ ತೇಜಸ್ಸು. ಕೋಲಿನ ಹಿಡಿಯ ಮೇಲೆ ಚಿನ್ನದ ಬಣ್ಣದ ಪೆನ್ನಿನಲ್ಲಿ ತಮ್ಮ ಹೆಸರು ಬರೆದಿದ್ದರು. ಕೋಲು ಕಟ್ಟಿದವರು ಹಾಗೆ ಸಹಿ ಹಾಕುವುದು ಪದ್ಧತಿಯಂತೆ.

ನಾನು ಉಂಗುರ ನೋಡಿದೆ. ದಾರ ಸುತ್ತುವ ರೀಲಿನ ಹತ್ತಿರದ್ದು ಕೋಲಿನ ಬೆನ್ನ ಮೇಲೆ ಸರಿಯಾಗಿತ್ತು. ಮುಂದಿನದು ಸ್ವಲ್ಪ ವಾಲಿತ್ತು. ಅದರ ಮುಂದಿನದು ಪಕ್ಕಕ್ಕೆ. ಉಳಿದವೆಲ್ಲ ಹೊಟ್ಟೆಯ ಕೆಳಗೆ. ಕುಡಿದವರು ಮೆರವಣಿಗೆ ಹೊರಟ ಹಾಗಿತ್ತು.

"ಉಂಗುರ ಜಾರಿವೆ," ಎಂದೆ.

"ಜಾರಿಲ್ಲ. ಇದು ಸ್ಪೈರಲ್. ಬೇಕಂತನ ಹಂಗ ಕೂಡಿಸೇನಿ. ನಿನಗ ತಿಳಿಯೂದಿಲ್ಲ."

ಆಮೇಲೆ ಅರ್ಧ ತಾಸು ವಿವರಿಸಿದರು. ರೀಲು ಕೋಲಿನ ಮೇಲ್ಗಡೆ ಇರುತ್ತದೆ. ಉಂಗುರಗಳೂ ಮೇಲ್ಗಡೆಯೇ ಇದ್ದರೆ, ದೊಡ್ಡ ಮೀನು ಎಳೆದಾಗ ದಾರ ಕೆಳಗಿಳಿಯಲು ಹವಣಿಸುತ್ತದೆ, ಕೋಲು ಅಂಗೈಯಲ್ಲೇ ಹೊರಳುತ್ತದೆ. ಉಂಗುರ ಸುರುಳಿಯಾಗಿ ಕೆಳಗೆ ಬಂದರೆ ದಾರ ಮೊದಲೇ ಕೆಳಗಿರುತ್ತದೆ, ಹೊರಳುವುದಕ್ಕೆ ಏನೂ ಉಳಿಯುವುದಿಲ್ಲ. ಕೋಲು ಬಾಗಿದಾಗ ದಾರ ಅದಕ್ಕೆ ಉಜ್ಜುವುದೂ ಇಲ್ಲ.

"ತಲೆಯ ಮೇಲೆ ಕೊಡ ಹೊತ್ತರೆ ವಾಲದ ಹಾಗೆ ಹಿಡಿದುಕೊಳ್ಳಬೇಕು. ಬಕೆಟ್ ಕೈಯಲ್ಲಿ ತೂಗಿದರೆ ಅದರ ಪಾಡಿಗೆ ಇರುತ್ತದೆ. ಇಷ್ಟೇನಾ?"

ಇವರು ಬಾಯಿ ಬಿಟ್ಟು ನೋಡಿದರು. "ಹೌದು. ಇಷ್ಟ."

"ಮೊದಲೇ ಬಕೆಟ್ ಅಂದಿದ್ದರೆ ಸಾರು ಉಕ್ಕುತ್ತಿರಲಿಲ್ಲ."

ಇದು ಗುಣಗಳ ಮಾತಾಯಿತು. ದೋಷಗಳನ್ನು ಯಾರೂ ವಿವರಿಸಬೇಕಾಗಲಿಲ್ಲ. ಪಕ್ಕಕ್ಕೆ ಚಾಚಿದ ಉಂಗುರ ಮೊದಲ ವಾರವೇ ಪರದೆಗೆ ಸಿಕ್ಕಿಕೊಂಡು, ಪರದೆ ಅದರ ಸರಳಿನ ಸಮೇತ ಕೆಳಗೆ ಬಂತು. ದಾರ ಪೋಣಿಸುವಾಗ ಪ್ರತಿ ಸಲ ಒಂದು ಉಂಗುರ ತಪ್ಪುತ್ತದೆ, ಮತ್ತೆ ಮೊದಲಿನಿಂದ. ಗೋಡೆಗೆ ಒರಗಿಸಿದರೆ ನೆಟ್ಟಗೆ ನಿಲ್ಲುವುದಿಲ್ಲ. ನಾಳೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಇವರ ಜೊತೆ ಕೆಲಸ ಮಾಡುವ ಬೆಂಗಳೂರಿನ ಹುಡುಗ ಊಟಕ್ಕೆ ಬಂದವನು ಕೋಲನ್ನು ಮೇಲಿಂದ ಕೆಳಗೆ ನೋಡಿ, "ಗುರು, ಇದು ಇನ್ನೂ ವಾರಂಟಿಯಲ್ಲಿದೆಯಾ?" ಎಂದ.

ಕೊನೆಗೆ ನಾನೊಂದು ಗಡುವು ಕೊಟ್ಟೆ. ಅಪ್ಪ ಬಂದು ವಾಪಸು ಹೋಗುವುದರೊಳಗೆ ಈ ಕೋಲಿಗೆ ಒಂದು ಮೀನು ಬೀಳಬೇಕು. ಬೀಳದಿದ್ದರೆ ಅದನ್ನು ಬಾಲ್ಕನಿಯ ಕುಂಡದಲ್ಲಿ ಬೀನ್ಸ್ ಬಳ್ಳಿಗೆ ಊರುತ್ತೇನೆ. ಉಂಗುರ ಹೇಗೂ ಸುರುಳಿಯಾಗಿವೆ, ಬಳ್ಳಿಗೆ ದಾರಿ ಕೇಳುವ ಕಷ್ಟವಿಲ್ಲ.

೪. ಟವೆಲ್

ಇಲ್ಲಿ ನಾವಿರುವ ಊರಿನ ಪಕ್ಕದ ಕೆರೆಯಲ್ಲಿ ಒಂದು ದಂಡೆ ಮೀನು ಹಿಡಿಯುವವರಿಗೆ, ಅದರಾಚೆ ಪೊದೆಗಳ ಹಿಂದಿನ ಹುಲ್ಲುಗಾವಲು ಬಿಸಿಲು ಕಾಯುವವರಿಗೆ. ಅಲ್ಲಿ ಕೆಲವರು ಬಟ್ಟೆಯ ಗೊಡವೆಯಿಲ್ಲದೆ ಮಲಗಿರುತ್ತಾರೆ. ಈ ದೇಶದಲ್ಲಿ ಅದು ಆರೋಗ್ಯ.

ಮೊದಲ ಭಾನುವಾರವೇ ಇವರು ಕೋಲನ್ನು ಭುಜದ ಹಿಂದಕ್ಕೆ ಬೀಸಿದರು. ಗಾಳ ಮುಂದಕ್ಕೆ ಬರಲೇ ಇಲ್ಲ. "ಸಿಕ್ಕಿತು," ಎಂದು ಜೋರಾಗಿ ಎಳೆದರು. ಪೊದೆಯ ಮೇಲಿಂದ ಒಂದು ನೀಲಿ ಟವೆಲ್ ಹಾರಿಬಂತು. ಅದರ ಹಿಂದೆಯೇ ಒಬ್ಬ ಆಜಾನುಬಾಹು ಮನುಷ್ಯ, ಹುಟ್ಟಿದಾಗ ಹೇಗಿದ್ದನೋ ಹಾಗೆ. ಇವರು ಟವೆಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಆರತಿ ತಟ್ಟೆಯಂತೆ ಚಾಚಿದರು. ಆತ ಗಾಳ ಬಿಡಿಸಿಕೊಳ್ಳುತ್ತ, ಸಾವಧಾನವಾಗಿ ಕೋಲು ನೋಡಿ ಹೇಳಿದ:

"ನಿಮ್ಮ ಉಂಗುರಗಳು ಸರಿಯಾಗಿಲ್ಲ."

ಮೈಮೇಲೆ ನೂಲಿಲ್ಲದವನೂ ಕುಂದು ಹುಡುಕುವ ಕೋಲು ಅದು.

೫. ಮಾವ, ಅಳಿಯ

ಜೂನ್ ಬಂತು, ಅಪ್ಪ ಬಂದರು, ಮೀನು ಬರಲಿಲ್ಲ. ಅಪ್ಪ ನಾನು ಬಡಿಸಿದ ಫ್ರೀಜರಿನ ಮೀನನ್ನು ಒಂದು ಮಾತೂ ಆಡದೆ ತಿಂದರು. ನಮ್ಮ ಅಪ್ಪ ಊಟದ ಬಗ್ಗೆ ಮಾತಾಡದಿದ್ದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಅವರು ಹೊರಡುವ ಮುಂಚಿನ ಕೊನೆಯ ಭಾನುವಾರ ಎಲ್ಲರೂ ಕೆರೆಗೆ ಹೋದೆವು. ಬೀನ್ಸ್ ಬಳ್ಳಿ ಅಷ್ಟು ಹೊತ್ತಿಗೆ ಮೊಳಕೈ ಉದ್ದ ಬಂದು ಆಸರೆಗೆ ತಡಕಾಡುತ್ತಿತ್ತು. ಅಪ್ಪ ಕೋಲು ನೋಡಿ, "ಅಳಿಯಂದಿರೇ, ಇತ್ಲಾಗೆ ಕೊಡಿ, ಒಂದು ಸಲ ನಾ ಬೀಸ್ತೆ," ಎಂದು ಕೈ ಚಾಚಿದರು.

ಅಲ್ಲೇ ಇದ್ದರು ಕೆರೆಯನ್ನು ನೋಡಿಕೊಳ್ಳುವ ಮೀನು ಹಿಡಿಯುವವರ ಸಂಘದ ಮೇಲ್ವಿಚಾರಕರು. ಎಪ್ಪತ್ತು ದಾಟಿದ ಮುದುಕರು, ಜೊತೆಗೆ ಅವರಷ್ಟೇ ಗಂಭೀರವಾದ ನಾಯಿ. ಇವರ ಕೋಲನ್ನು ಕಂಡಾಗಲೆಲ್ಲ ಮೂಗೆಳೆಯುವುದು ಅವರ ಅಭ್ಯಾಸ. ಲೈಸೆನ್ಸ್ ಇಲ್ಲದವರು ಮುಟ್ಟುವಂತಿಲ್ಲ, ಪರೀಕ್ಷೆ ಬರೆದು ಬರಲಿ ಎಂದರು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಪರೀಕ್ಷೆ ಬರೀಲಿಕ್ಕೆ ಬರೂದಾಗಿದ್ರೆ ನಾ ಮೀನು ಯಾಕೆ ಹಿಡೀತಿದ್ದೆ?" ಎಂದು ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತರು. ಇಲ್ಲದಿದ್ದರೆ ಅವು ತಾವಾಗಿ ಕೋಲಿಗೆ ಹೋಗುತ್ತಿದ್ದವು.

ಮಧ್ಯಾಹ್ನ ಮಗಳು ಬಾತುಕೋಳಿಯ ಹಿಂದೆ ನೀರಿಗೆ ಓಡಿದಳು. ಇವರು ಹಾರಿ ಅವಳನ್ನು ಎಡಗೈಯಲ್ಲಿ ಎತ್ತಿಕೊಂಡರು. ಅದೇ ಹೊತ್ತಿಗೆ, ದಂಡೆಯಲ್ಲಿ ನೆಟ್ಟ ಕವೆಗೋಲಿನ ಮೇಲಿಟ್ಟ ಕೋಲು ನೀರಿಗೆ ಮುಟ್ಟುವಷ್ಟು ಬಾಗಿತು. ಇವರು ಬಲಗೈಯಲ್ಲಿ ಕೋಲು ಹಿಡಿದರು. ಮಗಳು ಕತ್ತು ಬಿಗಿಯಾಗಿ ತಬ್ಬಿಕೊಂಡಳು. ರೀಲು ತಿರುಗಿಸಲು ಕೈಯಿಲ್ಲ. ಕೆರೆಯಲ್ಲಿ ಏನೋ ಒಂದು ಕೋಲನ್ನು ಎಡಕ್ಕೆ, ಬಲಕ್ಕೆ ಎಳೆದಾಡುತ್ತಿತ್ತು.

"ಯಾರರ ಬರ್ರಿ," ಎಂದರು ಇವರು.

ಅಪ್ಪನ ಒಂದು ಕೈ ತೊಡೆಯ ಕೆಳಗಿನಿಂದ ಹೊರಬಂತು. ಮುದುಕರು ಬೆರಳೆತ್ತಿದರು. ಕೈ ಒಳಗೆ ಹೋಯಿತು. ನಾನು ಓಡಿಹೋಗಿ ಮಗಳನ್ನು ಅಂಟಿಸಿದ ಚೀಟಿಯಂತೆ ಕಿತ್ತುಕೊಂಡೆ. ಅಷ್ಟು ಹೊತ್ತೂ ಇವರು ಒಂದೇ ಕೈಯಲ್ಲಿ ಹಿಡಿದಿದ್ದರು. ನಿಜ ಹೇಳಬೇಕು, ಕೋಲು ಬಾಗಿತೇ ಹೊರತು ಅಂಗೈಯಲ್ಲಿ ಒಂದಿಷ್ಟೂ ಹೊರಳಲಿಲ್ಲ. ಬಕೆಟ್ಟಿನ ಹಾಗೆ ತೂಗುತ್ತಿತ್ತು. ಮುದುಕರು ಮೂಗೆಳೆಯುವುದನ್ನು ಮರೆತು ಬಗ್ಗಿ ನೋಡುತ್ತಿದ್ದರು. ಇವರು ರೀಲು ಸುತ್ತಿ ದಂಡೆಗೆ ತಂದಾಗ ಮೀನು ಎತ್ತುವ ಕೈಬಲೆಯನ್ನು ಅವರೇ ನೀರಿಗೆ ಇಳಿಸಿದರು.

ಬಂದದ್ದು ಹೆಖ್ಟ್, ಬೇರೆ ಮೀನುಗಳನ್ನು ನುಂಗುವ ಇಲ್ಲಿಯ ಕೆರೆಮೀನು. ಹಸಿರು ಮೈ, ಮೊಸಳೆಯ ಬಾಯಿ, ಉದ್ದ ನನ್ನ ಮಗಳ ಎದೆಯವರೆಗೆ. ಇವರು ತರಗತಿಯಲ್ಲಿ ಕಲಿಸಿದ ಹಾಗೆ ತಲೆಗೊಂದು ಪೆಟ್ಟು ಕೊಟ್ಟು ಕೆಲಸ ಮುಗಿಸಿದರು. ಮಗಳು ಬಹಳ ಹೊತ್ತು ನೋಡಿ ಜರ್ಮನ್‌ನಲ್ಲಿ ಕೇಳಿದಳು, "ಇದಕ್ಕೆ ಮುಖ ಯಾಕಿದೆ?"

"ನಿನ್ನ ಅಪ್ಪನನ್ನು ನೋಡಲಿಕ್ಕೆ," ಎಂದೆ.

ಮುದುಕರು ಕೋಲನ್ನು ಕೈಗೆ ತೆಗೆದುಕೊಂಡು ಒಂದೊಂದೇ ಉಂಗುರ ಸವರಿದರು. ಹಿಡಿಯ ಮೇಲಿನ ಚಿನ್ನದ ಹೆಸರು ಓದಿದರು. ತಮಗೂ ಇಂಥದ್ದೇ ಒಂದು ಕಟ್ಟಿಕೊಡಬೇಕು, ಉಂಗುರ ಒಂದು ಕೂದಲೂ ಆಚೀಚೆ ಆಗದೆ ಹೀಗೇ ಇರಬೇಕು ಎಂದರು. ಇವರ ಮುಖ ಅರಳಬೇಕಿತ್ತು. ಬಿಳಿಚಿಕೊಂಡಿತು.

ಹೆಖ್ಟ್‌ನಲ್ಲಿ ಮುಳ್ಳು ಬಹಳ, ತಿನ್ನುವುದು ಕಷ್ಟ ಎಂದು ಮುದುಕರು ಎಚ್ಚರಿಸಿದ್ದರು. ಅದೂ ಕುಮಟಾದವರಿಗೆ! ಕಾಯಿ ಅರೆದು, ಹುಳಿಗೆ ಊರಿನ ಮುರುಗಲು ಹಾಕಿ ಸಾರು ಮಾಡಿದೆ. ಅಪ್ಪ ತಲೆಯನ್ನು ತಟ್ಟೆಗೆ ಹಾಕಿಸಿಕೊಂಡು, "ಉಪ್ಪು ಒಂಚೂರು ಕಡಮೆ," ಎಂದರು. ಆಗ ನನಗೆ ಜೀವ ಬಂತು. ಮಗಳು ಮುಳ್ಳು ತೆಗೆದ ಮೂರು ತುಂಡು ತಿಂದು, ಇದಕ್ಕಿಂತ ಇಟ್ಟಿಗೆಯೇ ಚೆನ್ನಾಗಿತ್ತು ಎನ್ನುವ ಮುಖ ಮಾಡಿ, ಮತ್ತೆ ನಾಲ್ಕನೆಯದಕ್ಕೆ ಬಾಯಿ ತೆರೆದಳು.

ಇವರು ಮಾತ್ರ ತುತ್ತು ಕಲಸುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನ್ನ ಗ್ರೈಂಡರ್ ಒಂದ ದಿನ ಬೇಕಾಗಿತ್ತು."

"ಯಾಕೆ?"

"ಆ ಅಜ್ಜಾರ ಕೋಲಿಗೆ."

"ನಿಧಾನದ ಮೋಟಾರು ತರಿಸಿಕೊಳ್ಳಿ."

"ಅದರಾಗ ಉಂಗುರ ಜಾರೂದಿಲ್ಲ."

ಅಪ್ಪ ಮೀನಿನ ತಲೆಯಿಂದ ತಲೆ ಎತ್ತಿದರು. ಇವರು ತಟ್ಟೆ ನೋಡುತ್ತ ಎಲ್ಲ ಹೇಳಿದರು. ಉಂಗುರಗಳನ್ನು ಮೊದಲು ಎಲ್ಲರಂತೆ ಸಾಲಾಗಿಯೇ ಕೂರಿಸಿದ್ದರು. ದಾರ ಸಡಿಲಾಗಿತ್ತು, ಗ್ರೈಂಡರಿನ ಹೊಡೆತಕ್ಕೆ ಒಂದೊಂದೂ ಒಂದೊಂದಿಷ್ಟು ತಿರುಗಿಹೋದವು. ನೆಲಮಾಳಿಗೆಯಲ್ಲಿ ಕೂತು ನನಗೆ ಏನು ಹೇಳುವುದೆಂದು ಮೊಬೈಲಿನಲ್ಲಿ ಹುಡುಕಿದಾಗ ಸ್ಪೈರಲ್ ಎಂಬ ಪದ್ಧತಿಯೇ ಇದೆ ಎಂದು ತಿಳಿಯಿತು. ಅಂಟು ಹಸಿಯಿರುವಾಗಲೇ ಉಳಿದದ್ದನ್ನು ಅಷ್ಟಿಷ್ಟು ತಳ್ಳಿ ಅದಕ್ಕೆ ಹೊಂದಿಸಿಬಿಟ್ಟರು. ಎಷ್ಟು ತಾನಾಗಿ ತಿರುಗಿತ್ತು, ಎಷ್ಟು ತಾವು ತಳ್ಳಿದ್ದು, ಅವರಿಗೂ ಗೊತ್ತಿಲ್ಲ.

ನಾನು ಗ್ರೈಂಡರ್ ಕೊಡಲು ಒಪ್ಪಿದೆ. ಭಾನುವಾರ ಮಾತ್ರ ಬೇಡ ಎಂದೆ. ಇವರಿಗೆ ಕೂಡಲೇ ಧೈರ್ಯ ಬಂದು ಚಿನ್ನದ ಪೆನ್ನು ಹುಡುಕತೊಡಗಿದರು. ಹೊಸ ಕೋಲಿನ ಮೇಲೆ ಹೆಸರನ್ನು ಕನ್ನಡದಲ್ಲಿ ಬರೆಯಲೋ, ಇಂಗ್ಲಿಷ್‌ನಲ್ಲೋ ಎಂದು ಕೇಳಿದರು.

"ಯಾವುದರಲ್ಲಾದರೂ ಬರೀರಿ," ಎಂದೆ. "ಗ್ರೈಂಡರ್ ಕಂಪನಿಯ ಹೆಸರು ಬರೆದರೆ ಸಾಕು."